ಮಾರಿದ ಬೂಟು ವಾಪಸ್ ಇಲ್ಲವಂತೆ!

ಸಕ್ಕರೆ ಕಾಯಿಲೆ ಇಲ್ಲದ ಮನೆ ಈಗ ಯಾವ ಊರಲ್ಲಿದೆ ಹೇಳಿ. ಅಂಕಲಿಯ ಗಂಗೂಬಾಯಿಗೂ ಅದು ಬಂದು ಕಾಲಿಗಿಳಿದಿತ್ತು. ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

"ಆಯಿ, ಬರಿಗಾಲಿಲೆ ಒಂದು ಹೆಜ್ಜಿನೂ ಇಡಬ್ಯಾಡ್ರಿ. ಗಾಯ ಆದ್ರ ಲಗೂನ ಮಾಯಂಗಿಲ್ಲ, ಬೆರಳ ತಗೀಬೇಕಾಗತೈತಿ," ಎಂದು ಡಾಕ್ಟರು ಹೆದರಿಸಿಯೇ ಕಳಿಸಿದ್ದರು. ಹವಾಯಿ ಚಪ್ಪಲಿಯ ಪಟ್ಟಿ ಬೆರಳ ಸಂದಿ ಕೊರೆಯುತ್ತದೆ, ಮೆತ್ತನೆಯ ಬೂಟು ಹಾಕಿಕೊಳ್ಳಿ ಎಂದೂ ಹೇಳಿದ್ದರು.

ಆದರೆ ಗಂಗೂಬಾಯಿ ಕಟ್ಟಾ ಜೈನ ಹೆಂಗಸು. ಹಿಂದೊಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ನಿಯಮ ತೆಗೆದುಕೊಂಡವರು. ಚರ್ಮದ್ದು ಏನನ್ನೂ ಮೈಗೆ ತಾಗಿಸುವುದಿಲ್ಲ. ಅದಕ್ಕೇ ಸೊಸೆ ತ್ರಿಶಲಾ ಚಿಕ್ಕೋಡಿ ಪೇಟೆಯ ಬಾಳಾಸಾಬನ ಬೂಟಿನಂಗಡಿಗೆ ಹೋದಾಗ ಮೊದಲು ಆ ಮಾತನ್ನೇ ಎತ್ತಿದಳು.

"ತೊಗಲಿಂದು ಬ್ಯಾಡ್ರಿ. ನಮ್ಮತ್ತ್ಯಾರದು ನಿಯಮ ಐತಿ."

"ಏ ವೈನಿ, ನಂಗ ಗೊತ್ತಿಲ್ಲೇನ್ರಿ? ಅರ್ಧ ಗಿರಾಕಿ ನಿಮ್ಮ ಮಂದೀನ ಅದಾರ. ಇದು ಅಪ್ಪಟ ರೆಕ್ಸಿನ್," ಎಂದ ಬಾಳಾಸಾಬ, ಸ್ವಂತ ಅತ್ತಿಗೆಯನ್ನು ಮಾತಾಡಿಸುವ ಸಲುಗೆಯಲ್ಲಿ.

ತ್ರಿಶಲಾಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ವಿಡಿಯೋ ಕಾಲ್ ಮಾಡಿ ಅತ್ತೆಗೆ ಬೂಟು ತೋರಿಸಿದಳು. ಬಾಳಾಸಾಬ ತಾನೇ ಮೊಬೈಲಿನ ಮುಂದೆ ಮುಖ ತಂದು, "ಆಯಿ, ಇದರಾಗ ತೊಗಲಿನ ಒಂದ ಚೂರೂ ಇಲ್ಲ. ಬಿನಧಾಸ್ತ ಹಾಕ್ಕೋರಿ!" ಎಂದ. ಎಂಥ ಸವಿ ನಾಲಿಗೆ ನೋಡಿ! ಬೂಟಿನ ಡಬ್ಬಿ ಸುಮ್ಮನೆ ಜಾಗ ತಿನ್ನುತ್ತದೆ ಎಂದು ಅದನ್ನು ತನ್ನಲ್ಲೇ ಇಟ್ಟುಕೊಂಡು ಬೂಟನ್ನಷ್ಟೇ ಚೀಲಕ್ಕೆ ಹಾಕಿಕೊಟ್ಟ. ತ್ರಿಶಲಾ ಫೋನಿನಲ್ಲಿ ದುಡ್ಡು ಕಳಿಸಿದಳು. ಪಾವತಿ ಚೀಟಿ ಕೇಳಲಿಲ್ಲ. ಅತ್ತೆಯನ್ನು ತಾಯಿಯಂತೆ ಆಯಿ ಎಂದು ಬಾಯಿತುಂಬ ಕರೆದವನ ಹತ್ತಿರ ಪಾವತಿ ಕೇಳಲು ಅವಳಿಗೆ ಸಂಕೋಚವಾಯಿತು.

ಕೆಲವು ದಿನ ಎಲ್ಲ ಸರಿಯಿತ್ತು. ಅತ್ತೆ ಬೂಟು ಮೆಟ್ಟಿಕೊಂಡು ಬಸದಿಯ ಬಾಗಿಲವರೆಗೆ ಹೋಗಿ, ಹೊರಗೆ ಬಿಟ್ಟು, ದರ್ಶನ ಮಾಡಿ ಬರುತ್ತಿದ್ದರು. ಒಂದು ದಿನ ಮಳೆಗೆ ಬೂಟು ತೊಯ್ದವು. ಕಟ್ಟೆಯ ಮೇಲೆ ಒಣಗಲು ಇಟ್ಟಾಗ ಏನೋ ಹಸಿ ವಾಸನೆ ಬಂತು. ತ್ರಿಶಲಾ ಒಳಗಿನ ಮೆತ್ತೆ ಎತ್ತಿ ನೋಡಿದಳು. ಕೆಳಗೆ ಕಂದು ತೊಗಲು, ಅದರ ಮೇಲೆ ಕಂಪನಿಯದೇ ಇಂಗ್ಲಿಷ್ ಮುದ್ರೆ: ಲೆದರ್.

ಅವಳು ಇದನ್ನು ಬಚ್ಚಿಡಬಹುದಿತ್ತು. ಆದರೆ ಅತ್ತೆಗೆ ಇನ್ನೊಂದು ಮೋಸ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ.

ಕೇಳಿದ ಗಂಗೂಬಾಯಿ ಕುಸಿದು ಕೂತರು. "ದಿನಾ ಇದನ್ನ ಮೆಟ್ಟಿಕೊಂಡ ಬಸದಿ ಬಾಗಲತನ ಹೋಗೇನಲ್ಲಬೇ," ಎಂದು ಅತ್ತರು. ಬೂಟನ್ನು ಕೋಲಿನಿಂದ ತಳ್ಳಿಸಿ ತಿಪ್ಪೆಗೆ ಹಾಕಿಸಿದರು, ತಲೆಮೇಲೆ ನೀರು ಹಾಕಿಕೊಂಡರು. ತ್ರಿಶಲಾ ಬೇರೆ ಜೋಡು ತರುತ್ತೇನೆಂದರೆ, "ಇನ್ನ ಯಾರ ಮಾತೂ ನಂಬಂಗಿಲ್ಲ. ಬರಿಗಾಲ ಛಲೋ," ಎಂದುಬಿಟ್ಟರು.

ಒಂದು ಮುಂಜಾನೆ ತ್ರಿಶಲಾ ಕಸ ಹೊಡೆಯಲು ಬಂದರೆ ಫರ್ಸಿ ನೆಲದ ಮೇಲೆ ಕೆಂಪು ಗುರುತು. ಹಿತ್ತಲಿನಿಂದ ಒಲೆಯವರೆಗೂ ಇತ್ತು. ಅತ್ತೆ ಒಲೆಯ ಮುಂದೆ ನಿಂತು ಆರಾಮವಾಗಿ ಚಹಾ ಸೋಸುತ್ತಿದ್ದರು. ಹಿಮ್ಮಡಿಯಲ್ಲಿ ಗಾಜಿನ ಚೂರು ಸಿಕ್ಕಿತ್ತು. ಅವರಿಗೆ ಗೊತ್ತೇ ಇರಲಿಲ್ಲ.

ತ್ರಿಶಲಾಗೆ ಮೈಯೆಲ್ಲ ಉರಿಯಿತು. ಆಗಲೇ ಬಾಳಾಸಾಬನಿಗೆ ಫೋನ್ ಮಾಡಿದಳು.

"ಹಾಕ್ಕೊಂಡ ಬೂಟ ಯಾರರ ವಾಪಸ್ ತಗೋತಾರೇನ್ರಿ? ಬೋರ್ಡ್ ಓದಿಲ್ಲೇನ?" ಎಂದು ಅವನು ಫೋನ್ ಇಟ್ಟ. ಅಂಗಡಿಯಲ್ಲಿ ದೊಡ್ಡದಾಗಿ ಬರೆದಿತ್ತು, 'ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದು.

ಗಂಡ ಪಾರಿಸನೂ ಅದೇ ರಾಗ ಎಳೆದ. "ಹೋಗ್ಲಿ ಬಿಡ ಮಾರಾಯ್ತಿ. ಬೋರ್ಡ್ ಹಾಕ್ಯಾನಂದ್ರ ಕಾಯ್ದೆನ ಇರಬೇಕು. ಒಂದ ಜೋಡ ಬೂಟಿನ ಸಲುವಾಗಿ ಜಗಳಾ ತಗದ್ರ ಮಂದಿ ನಗತಾರ."

"ನಗೂದ ಬೂಟಿಗಲ್ರಿ, ಹಿಂಗ ಸುಮ್ಮ ಕುಂತ್ರ ನಗತಾರ," ಎಂದಳು ತ್ರಿಶಲಾ.

ಗಾಯಕ್ಕೆ ಪಟ್ಟಿ ಕಟ್ಟಲು ಪಕ್ಕದ ಮನೆಯ ನೀಲಮ ಬಂದಿದ್ದಳು. ಹೈಸ್ಕೂಲಿನಲ್ಲಿ ಟೀಚರು, ಅಲ್ಲಿಯ ಗ್ರಾಹಕ ಸಂಘ ನೋಡಿಕೊಳ್ಳುವವಳು. ಎಲ್ಲ ಕೇಳಿ, "ಬೂಟ ಎಲ್ಲಿ ಅದಾವ?" ಎಂದಳು.

"ತಿಪ್ಪ್ಯಾಗ."

"ಅಯ್ಯ! ಆ ಬೂಟ ಸಾಕ್ಷಿರಿ. ನಿಮಗ ಮೈಲಿಗಿ ಅನಸ್ತು, ಒಗದ್ರಿ. ಬಾಳಾಸಾಬಗ ಬೇಕಾದದ್ದೂ ಅದ, ಸಾಕ್ಷಿ ಉಳೀಬಾರದು. ಮೊದಲ ತಗಸ್ರಿ."

"ಬೋರ್ಡ್ ಐತೆಲ್ರಿ ಟೀಚರ್?" ಎಂದ ಪಾರಿಸ.

"ಬೋರ್ಡ್ ಬರಿಸಿದಾವ ಬಾಳಾಸಾಬ. ಕಾಯ್ದೆ ಮಾಡಿದ್ದು ಪಾರ್ಲಿಮೆಂಟ್. ಬಣ್ಣ ಮನಸಿಗೆ ಬರಲಿಲ್ಲ ಅಂತ ವಾಪಸ್ ಒಯ್ದ್ರ ತಗೋಳೂದು ಬಿಡೂದು ಅವನ ಮರ್ಜಿ. ಸುಳ್ಳ ಹೇಳಿ ಮಾರಿದ್ರ ಮರ್ಜಿ ನಡಿಯಂಗಿಲ್ಲ."

"ಹಾಕ್ಕೊಂಡ ಬಿಟ್ಟಾರಲ್ಲ?"

"ಹಾಕ್ಕೋಲಾರದ ಒಳಗ ಏನೈತಿ ಹೆಂಗ ಗೊತ್ತಾಗಬೇಕ್ರಿ?"

"ಪಾವತಿನೂ ಇಲ್ಲ."

"ಪಾವತಿ ಕೊಡಲಾರದ್ದು ಅವನ ತಪ್ಪು. ನಿಮ್ಮ ಫೋನಿನ್ಯಾಗ ದುಡ್ಡ ಹೋದ ಗುರ್ತ ಐತಿ, ಸಾಕು."

ಪಾರಿಸ ರಕ್ತವಾದ ಬಟ್ಟೆಯನ್ನೊಮ್ಮೆ ನೋಡಿದ. ತಾನೇ ತಿಪ್ಪೆಗೆ ಹೋಗಿ ಬೂಟು ತೆಗೆದು ಚೀಲಕ್ಕೆ ಹಾಕಿದ. ತ್ರಿಶಲಾ ಮುದ್ರೆಯ ಫೋಟೋ ತೆಗೆದುಕೊಂಡಳು.

ಡಾಕ್ಟರಿಗೆ ಗಾಯ ತೋರಿಸಲು ಚಿಕ್ಕೋಡಿಗೆ ಹೋಗಲೇಬೇಕಿತ್ತು. ನೀಲಮಳೂ ಜೊತೆಗೆ ಬಂದಳು. ಪಟ್ಟಿ ಬದಲಿಸಿಕೊಂಡು ನಾಲ್ವರೂ ನೇರ ಅಂಗಡಿಗೆ ನಡೆದರು.

ಬಾಳಾಸಾಬ ಚೀಲ ನೋಡಿದ್ದೇ ಬೋರ್ಡಿನ ಕಡೆ ಬೆರಳು ಮಾಡಿದ. "ತೊಗಲಿಲ್ಲಂತ ನಾ ಯಾವಾಗ ಅಂದೇನಿ?"

ಗಂಗೂಬಾಯಿ ಸೊಸೆಯ ಕೈ ಬಿಡಿಸಿಕೊಂಡು ಮುಂದೆ ಬಂದರು. "ಆಯಿ ಅಂತ ಕರದ, ಫೋನಿನ್ಯಾಗ ನನ್ನ ಮಾರಿ ನೋಡಿ ಅಂದಿಯೋ! ಅಥಣ್ಯಾಗ ತೊಗಲಿನ ಚಪ್ಪಲಿ ಹೊಲಿಯಾವ್ರ ಅದಾರ. ತೊಗಲಿಂದನ್ನ ತೊಗಲಿಂದಂತನ ಹೇಳಿ ಮಾರತಾರ. ಅವರ ಮುಂದ ನಿಂದರೋ ಯೋಗ್ಯತಾ ಐತೇನ ನಿನಗ? ನಾ ತಿಳದ ಮೆಟ್ಟಿಲ್ಲ. ನನ್ನ ನಿಯಮ ಹಂಗ ಐತಿ. ಮುರದದ್ದು ನಿನ್ನ ಮಾತು."

ಬೂಟು ಹಾಕಿ ನೋಡುತ್ತಿದ್ದ ಗಿರಾಕಿಗಳು ಹಾಗೇ ನಿಂತರು. ನೀಲಮ ಶೆಲ್ಫಿನಿಂದ ಅದೇ ಜೋಡಿನ ಡಬ್ಬಿ ಇಳಿಸಿ ಎಲ್ಲರಿಗೂ ಕೇಳುವಂತೆ ಓದಿದಳು. ಮೇಲೆ ರೆಕ್ಸಿನ್, ಒಳಗೆ ಚರ್ಮ. ಡಬ್ಬಿ ಯಾಕೆ ಕೊಡಲಿಲ್ಲ ಎಂಬುದು ತ್ರಿಶಲಾಗೆ ಆಗ ಹೊಳೆಯಿತು. ಇಷ್ಟು ದಿನ ತನ್ನದೇ ತಪ್ಪೆಂದು ಕೊರಗಿದ್ದಳಲ್ಲ, ಆ ಸಂಕಟವೆಲ್ಲ ಸಿಟ್ಟಾಯಿತು. ಫೋನ್ ತೆಗೆದು, ನೀಲಮ ಹೇಳಿಕೊಟ್ಟಿದ್ದ ಗ್ರಾಹಕ ಸಹಾಯವಾಣಿ 1915ಕ್ಕೆ ಹಚ್ಚಿದಳು. ಆ ಕಡೆಯಿಂದ ಕನ್ನಡದಲ್ಲೇ ಕೇಳಿದರು. ಇವಳು ಊರು, ಅಂಗಡಿಯ ಹೆಸರು, ನಡೆದದ್ದು ಎಲ್ಲ ಹೇಳತೊಡಗಿದಳು.

"ಬ್ಯಾರೆ ಜೋಡ ಕೊಡತೇನ್ರಿ ವೈನಿ, ಫೋನ್ ಇಡ್ರಿ," ಎಂದ ಬಾಳಾಸಾಬ. ಅವಳು ಇಡಲಿಲ್ಲ. "ದುಡ್ಡ ಕೊಡತೇನ್ರಿ," ಎಂದ. ಆಗಲೂ ಇಡಲಿಲ್ಲ. ದೂರು ಪೂರ್ತಿ ದಾಖಲಾದ ಮೇಲೆಯೇ ಇಟ್ಟಳು. ಅಷ್ಟರಲ್ಲಿ ದುಡ್ಡು ಅವಳ ಖಾತೆಗೆ ವಾಪಸ್ ಬಂದಿತ್ತು.

ಪಾರಿಸ ಹೊರಡಲು ತಿರುಗಿದ. ಗಂಗೂಬಾಯಿ ಕದಲಲಿಲ್ಲ.

"ಆ ಬೋರ್ಡ್ ಇಳಸು," ಎಂದರು. "ನನ್ನ ಜೋಡಿ ಟೀಚರ್ ಬಂದಾಳ, ಮಗಾ ಸೊಸಿ ಬಂದಾರ. ನಾಳಿ ಒಬ್ಬಾಕಿನ ಬಂದಾಕಿ ಅದನ್ನ ಓದಿ ಸುಮ್ಮ ಹೊಳ್ಳಿ ಹೋಗತಾಳ."

ಬಾಳಾಸಾಬ ಗಿರಾಕಿಗಳ ಮುಖ ನೋಡಿದ. ಯಾರೂ ಅವನ ಕಡೆ ಇರಲಿಲ್ಲ. ಸ್ಟೂಲ್ ಹಾಕಿಕೊಂಡು ಹತ್ತಿದ. ಬೋರ್ಡೇ ಕಾಯ್ದೆ ಎಂದು ನಂಬಿದ್ದ ಪಾರಿಸ ಹೋಗಿ ಸ್ಟೂಲ್ ಹಿಡಿದುಕೊಂಡ.

ಅಂದೇ ಬೇರೆ ಅಂಗಡಿಯಲ್ಲಿ ಬಟ್ಟೆಯ ಮೆತ್ತನೆ ಬೂಟು ಕೊಂಡರು. ಡಬ್ಬಿ ಓದಿದರು, ಪಾವತಿಯ ಮೇಲೆ 'ಚರ್ಮವಿಲ್ಲ' ಎಂದು ಬರೆಸಿಕೊಂಡರು. ಗಂಗೂಬಾಯಿ ತಾವೇ ಮೆತ್ತೆ ಎತ್ತಿ ನೋಡಿ, ಆಮೇಲೆ ಕಾಲಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಪೇಟೆಯಲ್ಲೂ ಇಂಥ ಬೋರ್ಡು ಇದ್ದೇ ಇದೆ. ಬೂಟಿರಲಿ, ಬೀಜವಿರಲಿ, ಮಿಕ್ಸರ್ ಇರಲಿ, ಸುಳ್ಳು ಹೇಳಿ ಮಾರುವುದು, ಪಾವತಿ ಕೊಡದಿರುವುದು, ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದು ಎಲ್ಲವೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಪಾವತಿ ಕೇಳಲು ನಾಚಬೇಡಿ. ಅಂಗಡಿಯವನು ಹೇಳಿದ್ದನ್ನು ಅದರ ಮೇಲೆ ಬರೆಸಿಕೊಳ್ಳಿ. ಮೋಸವಾದರೆ ಮಾಲನ್ನು ಎಸೆಯಬೇಡಿ, ತಡಮಾಡಬೇಡಿ. 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ನೀವೇ ದೂರು ಕೊಡಬಹುದು. ಬೋರ್ಡು ಓದಿ ಸುಮ್ಮನೆ ತಿರುಗಿ ಮಾತ್ರ ಬರಬೇಡಿ.