ದಂಡೆಯಲ್ಲಿ ಉಳಿದ ಆರನೆಯವ

ನಾನು ಒಂದು ದೋಣಿ. ಈಗ ನನ್ನನ್ನು ನೋಡಿದರೆ ನೀವು ನಂಬಲಾರಿರಿ. ಬೋರಲು ಬಿದ್ದ ಹಳೇ ಹಲಗೆಗಳ ರಾಶಿ ಎಂದುಕೊಂಡು ದಾಟಿಹೋಗುತ್ತೀರಿ. ಹೋಗಿ, ನನಗೇನೂ ಬೇಜಾರಿಲ್ಲ. ಆದರೆ ಐದು ಜನ ಕೈದಿಗಳನ್ನು ಒಂದು ಸಾಮ್ರಾಜ್ಯದ ಬಾಯಿಂದ ಕಿತ್ತುಕೊಂಡು ಹೋದವಳು ನಾನು. ಪತ್ರಿಕೆಯವರು ಹೊಗಳಿದ್ದು ಹಡಗನ್ನು. ಜನ ಮೆರವಣಿಗೆ ಮಾಡಿ ಜೈ ಎಂದದ್ದೂ ಹಡಗಿಗೇ. ಆ ಹಡಗಮ್ಮ ಅವತ್ತು ಎಲ್ಲಿದ್ದಳು ಗೊತ್ತೇ? ದಂಡೆಯವರ ಕಣ್ಣಿಗೂ ಬೀಳದಷ್ಟು ದೂರದಲ್ಲಿ, ತನ್ನ ಪಾಡಿಗೆ ತಾನು ತೂಗಾಡಿಕೊಂಡಿದ್ದಳು. ಏಟು ತಿಂದವಳು ನಾನು. ಇರಲಿ, ದೊಡ್ಡವರ ಸುದ್ದಿ ನಮಗೇಕೆ.

ನಾನು ಹುಟ್ಟಿದ್ದು ಅಮೆರಿಕೆಯ ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ. ತಿಮಿಂಗಿಲ ಬೇಟೆಯೇ ಆ ಊರಿನ ಅನ್ನ. ಬೀದಿ, ಬಟ್ಟೆ, ಚರ್ಚಿನ ಬೆಂಚು ಎಲ್ಲವೂ ತಿಮಿಂಗಿಲದ ಎಣ್ಣೆ ನಾರುತ್ತಿದ್ದವು. ಸೈಲಸ್ ಎಂಬ ಮುದಿ ಬಡಗಿ ದೇವದಾರಿನ ಹಲಗೆಗಳನ್ನು ಹಬೆಯಲ್ಲಿ ಬಗ್ಗಿಸಿ, ಒಂದರ ಮೇಲೊಂದು ಕೂರಿಸಿ ನನ್ನನ್ನು ಕಟ್ಟಿದ. ಬೇಟೆಯ ದೋಣಿ ಹಗುರಾಗಿರಬೇಕು, ಹಾಗಾಗಿ ನನ್ನ ಮೈ ತೀರಾ ತೆಳು. ಎರಡು ತುದಿಯೂ ಚೂಪು, ಮುಂದೆಯೂ ಓಡಬಲ್ಲೆ, ಹಿಂದೆಯೂ ಓಡಬಲ್ಲೆ. ತಿಮಿಂಗಿಲ ತಿರುಗಿಬಿದ್ದಾಗ ದೋಣಿಯನ್ನು ತಿರುಗಿಸಿಕೊಂಡು ಕೂರಲು ಪುರುಸೊತ್ತು ಯಾರಿಗಿರುತ್ತದೆ?

ಸೈಲಸ್ ನನ್ನನ್ನು ಹಡಗಿನವರ ಕೈಗೊಪ್ಪಿಸುವಾಗ ಬಿಮ್ಮನೆ ಹೇಳಿದ: "ನೋಡಿ, ಇವಳ ಮೇಲೆ ಧಡಧಡ ಅಂತ ಹಾರಬೇಡಿ. ಹೂವಿನ ಹಾಗೆ ಇಟ್ಕೊಂಡ್ರೆ ನಿಮ್ಮ ಜೀವ ಕಾಯ್ತಾಳೆ."

ನಮ್ಮ ಕಸುಬಿನ ಒಂದು ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ಬೇಟೆಯ ದೋಣಿಯಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಅವರಿಗೆ ಕಾಣುವುದು ಬಿಟ್ಟುಬಂದ ನೀರು ಮಾತ್ರ. ಮುಂದಿರುವುದನ್ನು ನೋಡುವವನು ಹಿಂತುದಿಯಲ್ಲಿ ಚುಕ್ಕಾಣಿಯ ಉದ್ದನೆ ಹುಟ್ಟು ಹಿಡಿದು ನಿಂತವನೊಬ್ಬನೇ. ಹುಟ್ಟಿನವರು ಕತ್ತು ತಿರುಗಿಸುವ ಹಾಗಿಲ್ಲ, ತುಟಿ ಪಿಟಕ್ಕೆನ್ನುವ ಹಾಗಿಲ್ಲ. ತಿಮಿಂಗಿಲಕ್ಕೆ ಕಿವಿ ಚುರುಕು. ಒಬ್ಬ ಕೆಮ್ಮಿದರೂ ಅದು ಮುಳುಗಿಬಿಡುತ್ತದೆ, ಬೇಟೆ ಕೈತಪ್ಪುತ್ತದೆ. ಆದ್ದರಿಂದ ಚುಕ್ಕಾಣಿಯವನು ಬಾಯಿ ಬಿಡುವ ತನಕ ಉಳಿದವರ ಬಾಯಿಗೆ ಬೀಗ. ಹೊಸಬರಿಗೆ ಇದನ್ನು ಬೈದೂ ಹೊಡೆದೂ ಕಲಿಸುತ್ತಿದ್ದರು, ಕಲಿತವರು ಸಾಯುವವರೆಗೂ ಮರೆಯುತ್ತಿರಲಿಲ್ಲ.

ಕೆಲವು ವರ್ಷ ಬೇಟೆಗೇ ಹೋದೆ. ಆ ರಕ್ತದ ಕಥೆ ಬೇಡ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಒಂದು ವರ್ಷ ನಮ್ಮ ಹಡಗು ಅಬಿಗೇಲಳನ್ನು ಯಾರೋ ಹೊಸಬರು ಕೊಂಡರು. ಅವರು ಅಮೆರಿಕೆಗೆ ವಲಸೆ ಬಂದ ಐರಿಷ್ ಜನ. ಅವರ ನಾಡು ಇಂಗ್ಲಿಷರ ಕೈಯಲ್ಲಿತ್ತು. ನಮ್ಮ ದೇಶ ನಮ್ಮದಾಗಬೇಕು ಎಂದು ಒಳಗೊಳಗೇ ಸಂಚು ನಡೆಸಿದ ಐರಿಷ್ ಸಿಪಾಯಿಗಳನ್ನು ಇಂಗ್ಲಿಷರು ಹಿಡಿದು, ಭೂಮಿಯ ಇನ್ನೊಂದು ತುದಿ ಎನ್ನಬಹುದಾದ ಪಶ್ಚಿಮ ಆಸ್ಟ್ರೇಲಿಯಾದ ಜೈಲಿಗೆ ಹಾಕಿದ್ದರು. ಅದೇ ಸರ್ಕಾರ ನಿಮ್ಮವರನ್ನು ಅಂಡಮಾನಿಗೆ ಸಾಗಿಸಿ ಕರಿನೀರಿನ ಶಿಕ್ಷೆ ಅನ್ನಲಿಲ್ಲವೇ, ಇದೂ ಅಂಥದ್ದೇ. ಅವರಲ್ಲಿ ಆರು ಮಂದಿ ಇನ್ನೂ ಅಲ್ಲೇ ಕೊಳೆಯುತ್ತಿದ್ದರು. ತಿಮಿಂಗಿಲ ಬೇಟೆಯ ನೆವದಲ್ಲಿ ಹೋಗಿ ಆ ಆರು ಜನರನ್ನು ಹೊತ್ತು ತರಬೇಕು, ಇದು ಉಪಾಯ. ಗುಟ್ಟು ಗೊತ್ತಿದ್ದವನು ಹಡಗಿನಲ್ಲಿ ಕ್ಯಾಪ್ಟನ್ ಪೀಸ್ಲಿ ಒಬ್ಬನೇ. ಅವನು ಐರಿಷನಲ್ಲ, ಅವನಿಗೂ ಅವರಿಗೂ ನಂಟಿಲ್ಲ. ಆದರೂ ಒಪ್ಪಿಕೊಂಡ. ಮಾತು ಕಮ್ಮಿ, ಹಟ ಜಾಸ್ತಿ, ಅಂಥ ಆಸಾಮಿ.

ಕೈದಿಗಳಿಗೆ ಮೊದಲೇ ಗುಟ್ಟಾಗಿ ತಿಳಿಸಿದ್ದ ದಿನ ಹಡಗನ್ನು ದೂರದಲ್ಲಿ ನಿಲ್ಲಿಸಿ, ಕ್ಯಾಪ್ಟನ್ ತಾನೇ ಚುಕ್ಕಾಣಿ ಹಿಡಿದು ನನ್ನನ್ನು ಆ ದಂಡೆಗೆ ತಂದ. ಹುಟ್ಟು ಹಾಕುವವರಿಗೆ ಯಾರನ್ನು ಕರೆತರಲು ಬಂದಿದ್ದೇವೆ ಎಂಬುದೂ ತಿಳಿಯದು. ಅವರಲ್ಲಿ ಬೆಂತೊ ಎಂಬವನಿದ್ದ. ಅಟ್ಲಾಂಟಿಕ್ ನಡುವಿನ ಒಂದು ಪೋರ್ಚುಗೀಸ್ ದ್ವೀಪದವನು, ಎತ್ತಿನಂಥ ಆಳು, ಸ್ವಭಾವ ಮಾತ್ರ ಪಾಪ. ದಂಡೆಯಲ್ಲಿ ನನ್ನ ಮೂತಿಯನ್ನು ಮರಳಿಗೆ ಊರಿ ಕಾದೆವು. ಹಾಳು ದಂಡೆ, ಮರಳು ದಿಬ್ಬ ಬಿಟ್ಟರೆ ನರಪಿಳ್ಳೆ ಇಲ್ಲ.

ಬಿಸಿಲೇರಿದಾಗ ದಿಬ್ಬದ ಮೇಲಿಂದ ಕುದುರೆಗಾಡಿಯೊಂದು ಎದ್ದೆನೋ ಬಿದ್ದೆನೋ ಎಂದು ಓಡಿಬಂತು. ಜೈಲು ಬಟ್ಟೆ ತೊಟ್ಟ ಐದು ಜನ ಅದರಿಂದ ಧುಮುಕಿದರು. ರಸ್ತೆ ಕೆಲಸಕ್ಕೆ ಹೊರಗೆ ಕಳಿಸಿದ್ದಾಗ ತಪ್ಪಿಸಿಕೊಂಡು, ಆ ಊರಿನ ಐರಿಷ್ ಗೆಳೆಯರು ಕಳಿಸಿದ ಗಾಡಿ ಹತ್ತಿ ಬಂದಿದ್ದರು. ಬೆಂತೊ ಹೆದರಿ ಹುಟ್ಟನ್ನೇ ಎತ್ತಿ ಹೊಡೆಯಲು ಹೋದ. "ಏಯ್, ನಮ್ಮವರು, ಕೆಳಗಿಡೋ!" ಎಂದು ಕ್ಯಾಪ್ಟನ್ ಗದರಿದ.

ನಾಲ್ವರು ಹತ್ತಿ ಕೂತರು. ಐದನೆಯವನು ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದ. ಅವನು ಮಲಾಕಿ, ಕೆಂಪು ಗಡ್ಡದ ಕಡ್ಡಿ ಪೈಲ್ವಾನ. "ಕ್ಯಾಪ್ಟನ್ರೇ, ಇನ್ನೊಬ್ಬ ಬರಬೇಕು. ಡೊನಲ್ ಅಂತ. ಇವತ್ತೇ ನೋಡಿ, ದರಿದ್ರ, ಅವನನ್ನ ಜೈಲು ಸಾಹೇಬನ ಬಂಗಲೆಗೆ ಸುಣ್ಣ ಹೊಡಿಯೋಕೆ ಹಾಕಿಬಿಟ್ರು. ಹೇಗಾದ್ರೂ ನುಸುಳ್ಕೊಂಡು ಬರ್ತಾನೆ. ಒಂದು ಗಳಿಗೆ ನಿಲ್ಲಿ."

"ನಿಲ್ಲೋಕಾಗಲ್ಲಪ್ಪ."

"ಅವನು ಬರದೆ ದೋಣಿ ಹೊರಡೋಕೆ ಬಿಡಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ. ಜೈಲಿನಲ್ಲಿ ನನಗೆ ಜ್ವರ ಬಂದು ಸಾಯ್ತಾ ಇದ್ದಾಗ ತನ್ನ ರೊಟ್ಟಿ ನನಗೆ ತಿನ್ನಿಸಿದವನು ಅವನು."

ಕ್ಯಾಪ್ಟನ್ ನಿಂತ. ಹೌದು, ನಿಂತ, ಅದನ್ನು ಮರೆಮಾಚಬಾರದು. ಬಹಳ ಹೊತ್ತು ಕಾದ. ಆಮೇಲೆ ದೂರದ ರಸ್ತೆಯ ಕಡೆ ಧೂಳು ಎದ್ದಿತು, ಕುದುರೆ ಪೊಲೀಸರು. "ಒಬ್ಬನಿಗಾಗಿ ಐದು ಜನರನ್ನ ಗಲ್ಲಿಗೆ ಕೊಡಲಾ?" ಎಂದ. ಮಲಾಕಿ ಜಪ್ಪಯ್ಯ ಎಂದರೂ ಹತ್ತಲಿಲ್ಲ. ಕೊನೆಗೆ ಗೆಳೆಯರೇ ಅವನ ರೆಟ್ಟೆ ಹಿಡಿದು ಒಳಗೆ ಎಳೆದು, ನನ್ನ ತಳದಲ್ಲಿ ಮಲಗಿಸಿ, ತಾವೂ ಮಲಗಿದರು. ಹುಟ್ಟಿನವರು ಮೇಲೆ ಹಾಯಿಯ ಬಟ್ಟೆ ಹೊದಿಸಿದರು. ದೂರದಿಂದ ನೋಡಿದವರಿಗೆ ಬರೀ ಬೇಟೆ ದೋಣಿ ಎನಿಸಬೇಕು. "ಹಾಕಿ ಹುಟ್ಟು! ಉಸಿರೆತ್ತಬೇಡಿ!" ಎಂದು ಕ್ಯಾಪ್ಟನ್ ಅಪ್ಪಣೆ ಕೊಟ್ಟ.

ನಾನು ಅಲೆ ಸೀಳಿಕೊಂಡು ಹೊರಟೆ. ದಂಡೆಯ ಅಬ್ಬರದ ಅಲೆಗಳನ್ನು ದಾಟಿ ಸ್ವಲ್ಪವೇ ದೂರ ಹೋಗಿದ್ದೆವು.

ಆಗ ಬಂದ ಅವನು.

ದಿಬ್ಬದ ಮೇಲಿಂದ ಉರುಳುತ್ತಾ ಏಳುತ್ತಾ ಬಂದ. ಮೈಯೆಲ್ಲ ಸುಣ್ಣ. ನೀರಿಗಿಳಿದು ಎರಡೂ ಕೈ ಎತ್ತಿ ಬೀಸಿದ. ಕೂಗಿದ ಕೂಡ, ಬಾಯಿ ತೆರೆದದ್ದು ಕಾಣಿಸಿತು. ಅಲೆಗಳ ಮೊರೆತದಲ್ಲಿ ದನಿ ನಮ್ಮವರೆಗೆ ಬರಲಿಲ್ಲ. ಕ್ಯಾಪ್ಟನ್ ಮುಂದಿನ ಸಮುದ್ರವನ್ನು ನೋಡುತ್ತಿದ್ದ. ಕೈದಿಗಳು ಬಟ್ಟೆಯ ಅಡಿಯಲ್ಲಿದ್ದರು. ದಂಡೆಗೆ ಮುಖ ಮಾಡಿ ಕೂತವರು ಹುಟ್ಟು ಹಾಕುವವರು ಮಾತ್ರ. ಅವರೆಲ್ಲರೂ ನೋಡಿದರು. ಬೆಂತೊನ ಹುಟ್ಟು ಒಂದು ಸಲ ತಾಳ ತಪ್ಪಿತು, ನನ್ನ ಮೈಗೇ ಗೊತ್ತಾಯಿತು. ಆದರೆ ಯಾರೂ ತುಟಿ ಬಿಚ್ಚಲಿಲ್ಲ. ಉಸಿರೆತ್ತಬೇಡಿ ಎಂದ ಮೇಲೆ ಮುಗಿಯಿತು, ಅವರು ಕಲಿತದ್ದೇ ಹಾಗೆ. ನನಗಂತೂ ಬಾಯಿಯೇ ಇಲ್ಲ. ಅಯ್ಯೋ, ಇದ್ದಿದ್ದರೆ!

ಅವನು ಕುತ್ತಿಗೆಯುದ್ದ ನೀರಿಗೆ ಬಂದು, ಅಲೆಯೊಂದು ಎತ್ತಿ ಹಿಂದಕ್ಕೆಸೆದಾಗ ಮರಳ ಮೇಲೆ ಬಿದ್ದ. ಕುದುರೆ ಪೊಲೀಸರು ಅವನನ್ನು ಸುತ್ತುವರಿದರು.

ಆ ಸಂಜೆ ಎದ್ದ ಬಿರುಗಾಳಿಯನ್ನು ಹೇಗೆ ತಡೆದುಕೊಂಡೆನೋ. ನೀರು ಮೊಗೆದು ಮೊಗೆದು ಎಲ್ಲರ ಕೈಯಲ್ಲೂ ಬೊಬ್ಬೆ ಎದ್ದಿತ್ತು. ಬೆಳಗಾದಾಗ ಎದುರಿಗೆ ಅಬಿಗೇಲ್, ಹಿಂದೆ ಹೊಗೆ ಕಾರುತ್ತಾ ಬರುತ್ತಿದ್ದ ಪೊಲೀಸರ ಉಗಿಹಡಗು. ಸತ್ತೆನೋ ಕೆಟ್ಟೆನೋ ಎಂದು ಹುಟ್ಟು ಹಾಕಿ ಹಡಗನ್ನು ಮುಟ್ಟಿದರು. ಕೈದಿಗಳು ಹಗ್ಗದ ಏಣಿ ಹಿಡಿದು ಮೇಲೇರಿದರು. ಮೇಲೆ ಹೋಗಿ ಒಬ್ಬ ನಕ್ಕ, ಒಬ್ಬ ಹಲಗೆಗೆ ಮುತ್ತಿಟ್ಟ.

ಮಲಾಕಿ ಮಾತ್ರ ಹಡಗಿನ ಅಂಚಿನ ಕಟಕಟೆ ಹಿಡಿದು ಕೆಳಗೆ ಬಗ್ಗಿದ. ಬೆಂತೊ ಇನ್ನೂ ನನ್ನೊಳಗೇ ಇದ್ದ, ಹಗ್ಗ ಬಿಗಿಯುತ್ತಾ.

"ಅಣ್ಣಾ, ನೀವು ದಂಡೆ ಕಡೆ ಮುಖ ಮಾಡಿ ಕೂತಿದ್ರಲ್ಲ. ಆಮೇಲೆ ಯಾರಾದ್ರೂ ಬಂದ್ರಾ?"

ಬೆಂತೊ, ಮೇಲೆ ಮಲಾಕಿಯ ಪಕ್ಕಕ್ಕೆ ಬಂದು ನಿಂತಿದ್ದ ಕ್ಯಾಪ್ಟನ್ನನ ಮುಖ ನೋಡಿದ. "ಬಂದ. ಮೈಮೇಲೆ ಸುಣ್ಣ ಇತ್ತು. ಕೈ ಬೀಸಿದ."

"ಯಾಕೋ ಹೇಳಲಿಲ್ಲ?" ಕ್ಯಾಪ್ಟನ್ ಕಟಕಟೆಯಾಚೆ ಬಗ್ಗಿ ಕೇಳಿದ.

"ಹುಟ್ಟು ಹಾಕುವಾಗ ಮಾತಾಡಬಾರದು ಅಂತ ಹೇಳಿಕೊಟ್ಟವರು ನೀವೇ ಅಲ್ವಾ ಸ್ವಾಮಿ."

ಹೇಳಿದ್ದರೆ ಕ್ಯಾಪ್ಟನ್ ನನ್ನನ್ನು ತಿರುಗಿಸುತ್ತಿದ್ದನೇ? ನನಗೆ ಗೊತ್ತಿಲ್ಲ. ಪೊಲೀಸರು ಅಷ್ಟು ಹತ್ತಿರವಿದ್ದರು, ತಿರುಗಿಸಿದ್ದರೆ ಬಹುಶಃ ಆರಕ್ಕೆ ಆರು ಜೀವವೂ ಹೋಗುತ್ತಿದ್ದವು. ಆದರೆ ಅದನ್ನು ತೂಗಿ ನೋಡುವ ಒಂದು ಗಳಿಗೆಯೂ ಅವನಿಗೆ ಸಿಗಲಿಲ್ಲ. ಆ ಸಂಕಟ ಅವನ ಮುಖದಲ್ಲಿ ಬರೆದಿಟ್ಟ ಹಾಗಿತ್ತು.

ಅಷ್ಟರಲ್ಲಿ ಧಡಾರನೆ ಸದ್ದಾಯಿತು. ಮಲಾಕಿ ಕಟಕಟೆ ಹತ್ತಿ ಸಮುದ್ರಕ್ಕೆ ಹಾರಿದ್ದ, ದಂಡೆಯ ದಿಕ್ಕಿಗೆ. ಬೆಂತೊ ಕೊಕ್ಕೆ ಕೋಲಿನಿಂದ ಅವನ ಅಂಗಿ ಸಿಕ್ಕಿಸಿ ಎಳೆದ. ಮೂವರು ಸೇರಿ ಒದ್ದಾಡುತ್ತಿದ್ದವನನ್ನು ಮೇಲಕ್ಕೆ ಒಯ್ದರು. ಉಗಿಹಡಗು ಹತ್ತಿರವಾಗುತ್ತಿತ್ತು, ನನ್ನನ್ನು ಎತ್ತಿಕೊಳ್ಳಲು ವೇಳೆ ಇರಲಿಲ್ಲ. ಬೆಂತೊ ಏಣಿಗೆ ನೆಗೆದ. ಕ್ಯಾಪ್ಟನ್ ತಾನೇ ನನ್ನ ಹಗ್ಗ ಕಡಿದ.

ಅಮೆರಿಕೆಯ ಬಾವುಟ ಹೊತ್ತ ಹಡಗನ್ನು ಮುಟ್ಟುವ ಧೈರ್ಯ ಪೊಲೀಸರಿಗೆ ಬರಲಿಲ್ಲ, ಅಬಿಗೇಲ್ ಪಾರಾಗಿ ಅಮೆರಿಕೆ ಸೇರಿದಳು. ಅದು ನನಗೆ ತಿಳಿದದ್ದು ಆಮೇಲೆ, ಜೈಲಿನ ಕಾವಲುಗಾರರು ಹಲ್ಲು ಕಡಿಯುತ್ತಾ ಆಡಿಕೊಂಡಾಗ. ಏಕೆಂದರೆ ಗಾಳಿ ನನ್ನನ್ನು ತಳ್ಳಿಕೊಂಡು ಅದೇ ದಂಡೆಗೆ ತಂದು ಹಾಕಿತು. ಸರ್ಕಾರದವರು ಹೊತ್ತೊಯ್ದು ಜೈಲಿನ ದೋಣಿಕಟ್ಟೆಗೆ ಕಟ್ಟಿಕೊಂಡರು. ನನ್ನ ಬಿರುಕುಗಳಿಗೆ ನಾರು ತುಂಬಿ ಟಾರು ಬಳಿಯಲು ಒಬ್ಬ ಕೈದಿಯನ್ನು ಕಳಿಸಿದರು, ಕಾಲಿಗೆ ಬೇಡಿ ಹಾಕಿ.

ಡೊನಲ್ ನನ್ನ ಎರಡು ಚೂಪು ತುದಿಗಳನ್ನು ನೋಡಿದ. ಗುರುತು ಹಿಡಿದ. ಕೈಯಲ್ಲಿದ್ದ ಟಾರಿನ ಡಬ್ಬಿಯನ್ನು ನನ್ನ ಮೇಲೆ ಎತ್ತಿ ಬಡಿದ.

"ನಿನ್ನ ಮನೆ ಹಾಳಾಗ! ಒಂದು ಗಳಿಗೆ ನಿಂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಅವನೂ ಹಾಗೇ ಮಾಡಿದ್ನಲ್ಲ. ನಾನು ಕೈ ಬೀಸಿದ್ದು ಕಂಡೂ ಕಾಣದ ಹಾಗೆ ಹೋದ್ನಲ್ಲ ಮಲಾಕಿ," ಎಂದ.

ಇಲ್ಲ ಕಣಪ್ಪ, ಅವನು ನೋಡಲೇ ಇಲ್ಲ, ನನ್ನ ತಳದಲ್ಲಿ ಮುಖ ಮುಚ್ಚಿ ಅಳುತ್ತಿದ್ದ! ಹೀಗೆಂದು ಹೇಳಲು ನಾನು ಎಷ್ಟು ಒದ್ದಾಡಿದೆನೋ. ದೋಣಿಯ ಒದ್ದಾಟ ಯಾರಿಗೆ ಕಾಣುತ್ತದೆ? ಅಮೆರಿಕೆಯ ಕಡೆಯಿಂದ ಒಂದು ಅಕ್ಷರವೂ ಜೈಲಿನ ಒಳಗೆ ಬರಲು ಬಿಡುತ್ತಿರಲಿಲ್ಲ. ಅವನ ಶಿಕ್ಷೆಯನ್ನು ಬೇರೆ ಹೆಚ್ಚಿಸಿದ್ದರು. ಉಳಿದ ಕೈದಿಗಳು ಪಾರಾದವರ ಕಥೆ ಹೇಳಿಕೊಂಡು ಕದ್ದು ನಗುವಾಗ ಅವನು ಎದ್ದುಹೋಗುತ್ತಿದ್ದ.

ವರ್ಷಗಳು ಉರುಳಿ, ಬಿಡುಗಡೆಯಾಗುವ ಹೊತ್ತಿಗೆ ಅವನ ತಲೆ ನೆರೆತಿತ್ತು. ಊರಿಗೆ ಹೋಗಲಿಲ್ಲ, ಅಲ್ಲಿ ಯಾರೂ ಉಳಿದಿರಲಿಲ್ಲ. ಜೈಲಿನವರು ಸೌದೆಗೆಂದು ಎತ್ತಿಟ್ಟಿದ್ದ ನನ್ನನ್ನು ಬೇಡಿ ತಂದ. ಕೋಪವೋ, ಪ್ರೀತಿಯೋ, ಅವನಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅದೇ ದಂಡೆಯಲ್ಲಿ ಗುಡಿಸಲು ಹಾಕಿ ನನ್ನಲ್ಲೇ ಮೀನು ಹಿಡಿದು ಬದುಕಿದ. ದಿನಕ್ಕೊಮ್ಮೆ ನನ್ನನ್ನು ಬೈಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಲಾಕಿಯ ಹೆಸರನ್ನು ಮಾತ್ರ ಮತ್ತೆ ಎತ್ತಲಿಲ್ಲ. ನನ್ನ ಹಲಗೆಗಳು ಲಡ್ಡಾದ ಮೇಲೆ ಗುಡಿಸಲ ಹಿಂದೆ ಬೋರಲು ಹಾಕಿದ. ಈಗ ನನ್ನಡಿ ಕೋಳಿಗಳು ಮೊಟ್ಟೆ ಇಡುತ್ತವೆ.

ಮೊನ್ನೆ ಮಧ್ಯಾಹ್ನ ಬಂದರಿನ ಕಡೆಯಿಂದ ಒಬ್ಬ ಮುದುಕ ಕಾಲೆಳೆದುಕೊಂಡು ಬಂದ. ಎತ್ತಿನಂಥ ಹೆಗಲು ಈಗ ಇಳಿಬಿದ್ದಿತ್ತು. ನನ್ನನ್ನು ಕಂಡವನೇ ಮಂಡಿಯೂರಿ ಹಲಗೆ ಸವರಿದ. ಬೆಂತೊ! ಬೇರೆ ಹಡಗಿನ ಅಡುಗೆಯವನಾಗಿ ಈ ಬಂದರಿಗೆ ಬಂದಿದ್ದನಂತೆ, ಆ ದಂಡೆಯನ್ನೊಮ್ಮೆ ನೋಡಬೇಕೆನಿಸಿತಂತೆ. ಡೊನಲ್ ಗುಡಿಸಲಿಂದ ಹೊರಗೆ ಬಂದ. ನೀನ್ಯಾರು, ಈ ದೋಣಿ ನಿನಗೆ ಹೇಗೆ ಗೊತ್ತು ಎಂದು ಕೇಳಿದ. ಬೆಂತೊ ಎಲ್ಲವನ್ನೂ ಹೇಳಿದ. ತಾನು ನೋಡಿದ್ದು, ಬಾಯಿ ಬಿಡದೆ ಹೋದದ್ದು, ಹಾಯಿ ಬಟ್ಟೆಯ ಅಡಿಯಲ್ಲಿದ್ದವರಿಗೆ ಏನೂ ತಿಳಿಯದೇ ಇದ್ದದ್ದು.

"ಆ ಸುಣ್ಣದವನು ನಾನೇ ಕಣೋ. ಆಮೇಲೆ ಅವರಿಗೆ ಹೇಳಿದ್ರಾ?" ಎಂದು ಕೇಳುತ್ತಾ ಡೊನಲ್ ನನ್ನ ಬೆನ್ನಿನ ಮೇಲೆ ಕೂತ.

"ಹಡಗು ಹತ್ತಿದ ಮೇಲೆ ಒಬ್ಬ ಕೇಳ್ದ, ಹೇಳ್ದೆ. ಹೇಳಿದ್ದೇ ತಡ, ಸಮುದ್ರಕ್ಕೆ ಹಾರಿಬಿಟ್ಟ. ದಂಡೆ ಅಲ್ಲಿಂದ ಕಣ್ಣಿಗೂ ಕಾಣ್ತಿರಲಿಲ್ಲ. ಈಜ್ಕೊಂಡು ನಿನ್ನ ಹತ್ರ ಬರ್ತೀನಿ ಅನ್ಕೊಂಡನೋ ಏನೋ. ನಾವೇ ಕೊಕ್ಕೆ ಹಾಕಿ ಮೇಲಕ್ಕೆ ಎಳ್ಕೊಂಡ್ವಿ."

"ಯಾರು, ಮಲಾಕೀನಾ?"

"ಹ್ಞೂಂ. ಕೆಂಪು ಗಡ್ಡದವನು."

 ಡೊನಲ್ ನಗತೊಡಗಿದ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರಿಳಿದು, ಗಡ್ಡದಿಂದ ನನ್ನ ಹಲಗೆಯ ಮೇಲೆ ತೊಟ್ಟಿಕ್ಕಿತು. ಇಷ್ಟು ವರ್ಷ ನಾನು ಹೇಳಲಾರದೆ ಹೊತ್ತುಕೊಂಡಿದ್ದುದನ್ನು ಯಾರೋ ಇಳಿಸಿಕೊಂಡರು ಎನಿಸಿತು. ಅವತ್ತು ನಾನು ದಡ ಸೇರಿಸಲಾರದೆ ಹೋದದ್ದು ಈ ಒಬ್ಬನನ್ನೇ.

"ಅಯ್ಯೋ ಹುಚ್ಚಪ್ಪಾ!" ಎಂದು ಡೊನಲ್ ನನ್ನ ಬೆನ್ನನ್ನು ಎರಡೂ ಕೈಯಲ್ಲಿ ಬಡಿದ. "ಅವನಿಗೆ ಈಜೋಕೇ ಬರ್ತಿರಲಿಲ್ಲ ಕಣೋ!"