ಹಾರ ಹಾಕಿಸಿಕೊಂಡ ಬುಗುರಿ

ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿರುವ ಈ ಫೋಟೋ ನನ್ನದೇ. ಅದರ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳುತ್ತೇನೆ, ಈಗ ಹೇಳಹೊರಟಿರುವುದರಲ್ಲಿ ಸಾಸಿವೆಯಷ್ಟೂ ಸುಳ್ಳಿಲ್ಲ. ಬದುಕಿರುವವರು ದೇವರ ಮೇಲೆ, ಅನ್ನದ ಮೇಲೆ ಆಣೆಯಿಡುತ್ತಾರೆ, ಆಮೇಲೆ ಧಾರಾಳವಾಗಿ ಸುಳ್ಳು ಹೇಳುತ್ತಾರೆ. ಸತ್ತವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ನಾನಂತೂ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಟೀವಿಯಲ್ಲಿ ಸತ್ತುಕೊಂಡೇ ಇದ್ದವನು.

ಅದಕ್ಕೂ ಮೊದಲು ನಾನು ಸಿನಿಮಾದವನು. ಜನ ನನ್ನನ್ನು ಬುಗುರಿ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ನನಗೇ ಒಮ್ಮೊಮ್ಮೆ ನೆನಪಾಗುವುದಿಲ್ಲ. ನನ್ನ ಕಸುಬು ಏಟು ತಿನ್ನುವುದು. ಹೊಡೆದ ಕೂಡಲೇ ಬೀಳುವವರು ಬೇಕಾದಷ್ಟಿದ್ದರು. ನಾನು ಬೀಳುತ್ತಿರಲಿಲ್ಲ. ಕಾಲ್ಬೆರಳ ಮೇಲೆ ಗಿರಗಿರ ಸುತ್ತಿ, ಇನ್ನೇನು ನಿಂತ ಎಂದು ಜನ ಅಂದುಕೊಳ್ಳುವಷ್ಟರಲ್ಲಿ ಮತ್ತೊಂದು ಸುತ್ತು ಸುತ್ತಿ, ಆಮೇಲೆ ಬೀಳುತ್ತಿದ್ದೆ. ಒಮ್ಮೆ ನಾನು ಸುತ್ತಿದ ರಭಸಕ್ಕೆ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳವೆಲ್ಲ ಹಾರಿ ಪಕ್ಕದ ಮನೆಯ ಹಂಚಿನ ಮೇಲೆ ಕೂತವು. ಆ ಮನೆಯವಳು ಇವತ್ತಿಗೂ ಹಿಂತಿರುಗಿಸಿಲ್ಲ. ಇನ್ನೊಂದು ಊರಿನಲ್ಲಿ ಜನ ನಕ್ಕ ನಗುವಿಗೆ ಗೂಟ ಕಿತ್ತುಬಂದು ಟೆಂಟ್ ಟಾಕೀಸು ಅವರ ಮೇಲೆಯೇ ಕವುಚಿಕೊಂಡಿತು. ಬಟ್ಟೆಯ ಅಡಿಯಿಂದ ಬೆಳಗಿನವರೆಗೂ ನಗು ಕೇಳಿಬರುತ್ತಿತ್ತಂತೆ.

ನನಗೆ ಹೊಡೆಯುತ್ತಿದ್ದವಳು ಅಂಬುಜಾಬಾಯಿ. ಯಾವ ಸಿನಿಮಾ ಆದರೂ ಅವಳೇ ನನ್ನ ಹೆಂಡತಿ, ಅವಳ ಕೈಯಲ್ಲಿ ಲಟ್ಟಣಿಗೆ. ತೆರೆಯ ಮೇಲೆ ನಮಗೆಷ್ಟು ಸಲ ಮದುವೆಯಾಯಿತೋ, ಆ ಪುರೋಹಿತರನ್ನೇ ಕೇಳಬೇಕು. ತೆರೆಯ ಹೊರಗೆ ಅವಳಿಗೆ ಬೇರೆ ಗಂಡನಿದ್ದ, ನನಗೆ ಯಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವಳು "ಬರ್ತೀನಿ ಬುಗುರಿ" ಎನ್ನುವಳು, ನಾನು "ಹೂಂ" ಎನ್ನುವೆ. ಅಷ್ಟು ವರ್ಷದಲ್ಲಿ ನಾವು ಆಡಿದ ಸ್ವಂತ ಮಾತು ಅಷ್ಟೇ.

ನಮ್ಮ ಸಿನಿಮಾದವರಲ್ಲಿ ಒಂದು ಪದ್ಧತಿ ಇತ್ತು. ಹೆಣವಾಗಿ ಮಲಗಿದವನನ್ನು ಶಾಟ್ ಮುಗಿದ ಮೇಲೆ ಹಾಗೆಯೇ ಮನೆಗೆ ಕಳಿಸುತ್ತಿರಲಿಲ್ಲ. ಎಬ್ಬಿಸಿ ಕೂರಿಸಿ, ಮತ್ತೆ ಕ್ಯಾಮೆರಾ ಓಡಿಸಿ, ಅದರ ಕಣ್ಣಿಗೆ ಕಣ್ಣಿಟ್ಟು ನಗಲು ಹೇಳುತ್ತಿದ್ದರು. ಎದುರಿಗೆ ನಿಂತವರಲ್ಲಿ ಒಬ್ಬರಾದರೂ ತಿರುಗಿ ನಗಬೇಕು. ಆಗ ಹೊಸ್ತಿಲವರೆಗೆ ಬಂದಿದ್ದ ಸಾವು, ಓ ಇದು ಬರೀ ಆಟ ಎಂದು ಹೊರಟುಹೋಗುತ್ತದೆ. ಫೋಟೋಗೆ ಹಾರ ಹಾಕಿದರೂ ಅದೇ ನೇಮ. ಮೇಕಪ್ ಮಾಡುತ್ತಿದ್ದ ತಿಮ್ಮೋಜಿ ಈ ವಿಷಯದಲ್ಲಿ ಬಲು ಖಡಕ್ಕು. ನಗುವ ಶಾಟ್ ಆಗುವವರೆಗೆ ಹೆಣದ ಹಣೆಯ ವಿಭೂತಿ ಒರೆಸುತ್ತಲೇ ಇರಲಿಲ್ಲ.

ಮೊಣಕಾಲು ಹೋದ ಮೇಲೆ ನನ್ನ ಸುತ್ತು ನಿಧಾನವಾಯಿತು. ನಿಧಾನವಾಗಿ ಸುತ್ತುವ ಬುಗುರಿ ಯಾರಿಗೆ ಬೇಕು? ಹಿಟ್ಟಿನ ಗಿರಣಿಯ ಹಿಂದಿನ ಈ ಕೋಣೆಗೆ ಬಂದು ಬಿದ್ದುಕೊಂಡೆ. ಹೀಗಿರುವಾಗ ಒಂದು ದಿನ ಸೀರಿಯಲ್ ಕಂಪೆನಿಯ ಮ್ಯಾನೇಜರ್ ಹುಡುಕಿಕೊಂಡು ಬಂದ.

"ಸಾರ್, ನಿಮ್ದೊಂದು ಫೋಟೋ ಬೇಕಿತ್ತು. ನಗದೇ ಇರೋದು."

"ಪಾತ್ರ ಏನಪ್ಪ?"

"ಮನೆ ಯಜಮಾನ್ರು ಸಾರ್. ಇಡೀ ಕತೆ ನಿಮ್ಮ ಸುತ್ತಾನೇ ತಿರುಗುತ್ತೆ."

ಅವನು ಒಂದು ಮಾತೂ ಸುಳ್ಳು ಹೇಳಿರಲಿಲ್ಲ, ಅದು ಆಮೇಲೆ ತಿಳಿಯಿತು. ಟ್ರಂಕು ತಲೆಕೆಳಗು ಮಾಡಿದೆ. ನಗದಿರುವ ಫೋಟೋ ಒಂದೇ ಒಂದು ಸಿಕ್ಕಿತು, ಹಲ್ಲುನೋವು ಬಂದು ಎಡಗೆನ್ನೆ ಊದಿದ್ದ ದಿನದ್ದು. ಊದಿದ ಕೆನ್ನೆಯಲ್ಲಿ ನಾನು ನಾಲ್ಕು ಮಹಡಿ ಮನೆಯ ಯಜಮಾನನಂತೆಯೇ ಕಾಣುತ್ತಿದ್ದೆ. ಕೊಟ್ಟು ಕಳಿಸಿದೆ. ಬಿಳಿ ಶರ್ಟಿಗೆ ಇಸ್ತ್ರಿ ಮಾಡಿಸಿ ಮೊಳೆಗೆ ನೇತುಹಾಕಿ, ಕರೆ ಬರಲೆಂದು ಕಾದೆ. ಬರಲಿಲ್ಲ. ಸೀರಿಯಲ್ ಶುರುವಾಗುವ ದಿನ ಮಾತ್ರ ಬಂದೇಬಿಟ್ಟಿತು.

ಗಿರಣಿಯ ಒಡತಿ ಲಕ್ಕಮ್ಮನ ಮನೆಯ ಟೀವಿ ಮುಂದೆ ಓಣಿಯ ಜನವೆಲ್ಲ ಕೂತರು. ನಾನು ಇಸ್ತ್ರಿ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ದೊಡ್ಡ ಮನೆಯ ದೊಡ್ಡ ಗೋಡೆ ಬಂತು. ಗೋಡೆಯ ಮೇಲೆ ನಾನು. ನನ್ನ ಕೊರಳಲ್ಲಿ ಗಂಧದ ಹಾರ. ನನ್ನೆದುರು ಬರಿಹಣೆಯ ಅಂಬುಜಾಬಾಯಿ ಕಣ್ಣೀರಿಡುತ್ತಾ, "ನೋಡಿದ್ರಾ? ನಿಮ್ಮ ಮಗ ಏನು ಮಾಡ್ಕೊಂಡು ಬಂದಿದಾನೆ ನೋಡಿದ್ರಾ?" ಎನ್ನುತ್ತಿದ್ದಾಳೆ.

ಲಕ್ಕಮ್ಮ ನನ್ನ ಕಡೆ ತಿರುಗಿದಳು. "ಇದ್ಯಾಕೆ ಬುಗುರಣ್ಣ, ಮೊದಲ್ನೇ ದಿನಾನೇ ಸಾಯ್ಸಿಬಿಟ್ರು?"

"ಫ್ಲಾಷ್‌ಬ್ಯಾಕ್ ಬರುತ್ತೆ ಲಕ್ಕಮ್ಮ. ಸ್ವಲ್ಪ ಕಾಯಿ."

ಲಕ್ಕಮ್ಮ ಕಾದಳು. ಓಣಿಯವರು ಕಾದರು. ಟೀವಿಯಲ್ಲಿ ಮಗನಿಗೆ ಮದುವೆಯಾಯಿತು, ಮೊಮ್ಮಗಳು ಕಳೆದುಹೋಗಿ ಸಿಕ್ಕಳು, ಮನೆಯ ಕರ್ಟನ್ನು ಕೂಡ ಬದಲಾಯಿತು. ಫ್ಲಾಷ್‌ಬ್ಯಾಕ್ ಬರಲಿಲ್ಲ. ನಾನು ಮಾತ್ರ ಊದಿದ ಕೆನ್ನೆಯೊಂದಿಗೆ ಎಲ್ಲವನ್ನೂ ಮೇಲಿನಿಂದ ನೋಡುತ್ತಿದ್ದೆ.

ದಿನಾ ಹಾರದಲ್ಲಿ ನೋಡಿದ ಮುಖವನ್ನು ಜನ ಸತ್ತವನದೆಂದೇ ನಂಬಿಬಿಡುತ್ತಾರೆ. ಹಾಲಿನ ಅಂಗಡಿಯವನು ನನ್ನನ್ನು ಕಂಡು ಕ್ಯಾನು ಚೆಲ್ಲಿದ. ಅಪರೂಪಕ್ಕಾದರೂ ಬರುತ್ತಿದ್ದ ಚಿಕ್ಕಪುಟ್ಟ ಕರೆಗಳು ನಿಂತವು. ನಮ್ಮ ಕಲಾವಿದರ ಸಂಘದವರಂತೂ ನನಗೆ ಶ್ರದ್ಧಾಂಜಲಿ ಸಭೆಯನ್ನೇ ಇಟ್ಟುಕೊಂಡರು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎಲ್ಲರೂ ಎದ್ದು ಮೌನವಾಗಿ ನಿಂತಾಗ ನಾನೂ ನಿಂತೆ. ನನ್ನ ಎದುರಿಗೆ ಜನ ಅಷ್ಟು ಹೊತ್ತು ನಗದೇ ನಿಂತದ್ದು ಅದೇ ಮೊದಲು. ಮೈಕು ಸಿಕ್ಕಿದಾಗ ನಾನೂ ನಾಲ್ಕು ಮಾತಾಡಿದೆ, "ಬುಗುರಿ ಬಹಳ ಒಳ್ಳೆಯ ಮನುಷ್ಯ, ಯಾರೂ ಹೋಗಿ ನೋಡಲಿಲ್ಲ" ಎಂದೆ. ಚಪ್ಪಾಳೆ ಬಿತ್ತು. ಉಪ್ಪಿಟ್ಟು ಚೆನ್ನಾಗಿತ್ತು. ಗುರುತು ಹಿಡಿದವನು ತಿಮ್ಮೋಜಿ ಒಬ್ಬನೇ. ಎಷ್ಟು ಮುಖಕ್ಕೆ ಬಣ್ಣ ಬಳಿದ ಕೈ ಅದು!

"ಏ ಬುಗುರಿ, ನಿಂಗೆ ನಗೋ ಶಾಟ್ ತೆಗೆದ್ರೇನೋ?" ಎಂದು ಮೂಲೆಗೆಳೆದು ಕೇಳಿದ.

"ನನ್ನನ್ನ ಕರೆದೇ ಇಲ್ವಲ್ಲೋ. ಫೋಟೋ ತಗೊಂಡು ಹೋದ್ರು ಅಷ್ಟೇ."

ತಿಮ್ಮೋಜಿ ತಲೆ ಮೇಲೆ ಕೈಯಿಟ್ಟುಕೊಂಡ. "ಮುಗೀತು ಬಿಡು. ಹಾರ ಅಂಟ್ಕೊಂಡ್‌ಬಿಟ್ಟಿದೆ ನಿಂಗೆ. ನಾಳೆ ಬಾ, ಸೆಟ್‌ಗೆ ಹೋಗೋಣ. ನಕ್ಕು ಬಂದ್ಬಿಡು."

ನನಗೂ ಅದೇ ಬೇಕಾಗಿತ್ತು. ದೊಡ್ಡ ಪಾತ್ರ ಬೇಡ. ಒಂದು ಸಲ ಕ್ಯಾಮೆರಾ ಮುಂದೆ ನಿಂತು ನಗಬೇಕು, ಎದುರಿನಿಂದ ಒಬ್ಬರು ತಿರುಗಿ ನಗಬೇಕು. ಸತ್ತಿಲ್ಲ ಎಂದು ನನಗೇ ಗೊತ್ತಾಗಲು ಅಷ್ಟು ಸಾಕಿತ್ತು.

ನಿರ್ದೇಶಕ ಶ್ರೀಕರ ಚಿಕ್ಕ ವಯಸ್ಸಿನವನು, ಒಳ್ಳೆಯವನು. ಪದ್ಧತಿ ಕೇಳಿ ಗಾಬರಿಯಾಗಿ, "ಛೆ ಛೆ, ನಂಗೆ ಗೊತ್ತೇ ಇರ್ಲಿಲ್ಲ ಸರ್, ಈಗ್ಲೇ ತೆಗೆಯೋಣ" ಎಂದು ದೀಪ ಹಾಕಿಸಿದ. ಅಂಬುಜಾಬಾಯಿ ಸೆಟ್ಟಿನ ಸೋಫಾದಲ್ಲಿ ಕೂತಿದ್ದಳು. ನನ್ನನ್ನು ನೋಡಿದಳು, ಗೋಡೆಯ ಫೋಟೋ ನೋಡಿದಳು, ಮತ್ತೆ ನನ್ನನ್ನು ನೋಡಿದಳು. 

ತಿಮ್ಮೋಜಿ ಪೌಡರ್ ಹಚ್ಚುತ್ತಾ ಕಿವಿಯಲ್ಲಿ ಹೇಳಿದ. "ಬರೀ ನಗು. ತಿರುಗೋಕೆ ಹೋಗ್ಬೇಡ."

ಹೇಳುವುದು ಸುಲಭ. ತಿರುಗದೇ ನಗುವುದು ನನಗೆ ಯಾರು ಕಲಿಸಿದ್ದರು? ಕ್ಯಾಮೆರಾ ಓಡಿದ ಕೂಡಲೇ ನನ್ನ ಕಾಲ್ಬೆರಳು ತಾನಾಗಿ ನೆಲಕ್ಕೆ ನೆಟ್ಟುಕೊಂಡಿತು. ಒಂದು ಸುತ್ತು ಸುತ್ತಿದೆ. ನಿಂತ ಎಂದು ಜನ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು. ಆಮೇಲೆ ಬಿದ್ದೆ. ಹೇಗೆ ಬಿದ್ದೆ ಅಂತೀರಿ! ಟೆಂಟು ಕವುಚಿಸಿದ ಆ ಸಿನಿಮಾದಲ್ಲಿ ಬಿದ್ದ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಿದ್ದಲ್ಲಿಂದಲೇ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಬಾಯ್ತುಂಬ ನಕ್ಕೆ.

"ಅಯ್ಯೋ ಅಜ್ಜ ಬಿದ್ರು!"

"ನೀರು ತನ್ರೋ! ತಲೆ ಹಿಡ್ಕೊಳಿ, ತಲೆ!"

"ಡಾಕ್ಟ್ರಿಗೆ ಫೋನ್ ಮಾಡಿ ಸರ್..."

ಅಷ್ಟೂ ಜನ ಓಡಿಬಂದರು. ಒಬ್ಬರು ಬೆನ್ನು ಸವರಿದರು, ಒಬ್ಬರು ಅಂಗಾಲು ಉಜ್ಜಿದರು. ನಾನು ನಗುತ್ತಲೇ ಇದ್ದೆ. ನಕ್ಕಷ್ಟೂ ಅವರ ಮುಖ ಬಾಡುತ್ತಿತ್ತು. ವಯಸ್ಸಿನ ಹುಡುಗ ಬಿದ್ದರೆ ತಮಾಷೆ, ವಯಸ್ಸಾದವನು ಬಿದ್ದರೆ ಅಪಘಾತ. ಈ ಸಂಗತಿಯನ್ನು ನನ್ನ ಕಸುಬಿನವರು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಶ್ರೀಕರನ ಕಣ್ಣು ಒದ್ದೆಯಾಗಿತ್ತು. "ಸರ್, ನಾಳೇನೇ ನಿಮ್ಮನ್ನ ಬದುಕಿಸ್ತೀನಿ. ಕತೇಲಿ ಯಜಮಾನ್ರು ದೋಣಿ ಮುಳುಗಿ ಹೋದ್ರು ಅಂತಿದೆಯಲ್ಲ, ಸತ್ತಿರ್ಲಿಲ್ಲ, ಎಲ್ಲೋ ದಡ ಸೇರಿದ್ರು ಅಂತ ಮಾಡೋಣ. ಫೋಟೋ ಇಳಿಸಿ, ಹಾರ ತೆಗ್ದು, ನೀವೇ ಬಾಗಿಲಲ್ಲಿ ಬಂದು ನಿಲ್ತೀರಿ."

ನನ್ನ ಮೊಣಕಾಲು ನೋವು ಆ ಕ್ಷಣಕ್ಕೆ ಮಾಯವಾಯಿತೆಂದರೆ ನಂಬಿ. ಆಗ ಅಂಬುಜಾಬಾಯಿ ಎದ್ದು ಬಂದು, ಕಣ್ಸನ್ನೆ ಮಾಡಿ ನನ್ನನ್ನು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಆ ದೊಡ್ಡ ಮನೆಯ ಗೋಡೆ ಬರೀ ಹಲಗೆ. ಹಿಂದುಗಡೆ ಮೊಳೆ, ಹಗ್ಗ, ಒಂದು ಮುರುಕು ಬೆಂಚು. ಅದರ ಮೇಲೆ ಕೂತೆವು.

"ನಮ್ಮನೆಯವ್ರು ಹೋಗಿಬಿಟ್ರು ಬುಗುರಿ. ಗೊತ್ತಾಯ್ತಾ ನಿಂಗೆ?" ಎಂದಳು.

ಗೊತ್ತಿರಲಿಲ್ಲ.

"ಮನೇಲಿ ಅವ್ರ ಫೋಟೋ ಇದೆ. ಮುಂದೆ ಹೋಗಿ ನಿಂತ್ರೆ ಒಂದು ಮಾತೂ ಹೊರಡಲ್ಲ. ಇಲ್ಲಿ ನಿನ್ನ ಫೋಟೋ ಮುಂದೆ ನಿಂತ್ರೆ ಬರ್ದು ಕೊಟ್ಟಿದ್ದು ಮುಗಿದ್ಮೇಲೂ ಮಾತು ಬರುತ್ತೆ. ಆ ಊದಿದ ಕೆನ್ನೆ ಇದೆಯಲ್ಲ, ಅದು ಕೇಳಿಸ್ಕೊಳ್ತಾ ಇದೆ ಅನ್ಸುತ್ತೆ. ದಿನಕ್ಕೆ ಅಷ್ಟೇ ನಾನು ಮಾತಾಡೋದು. ಅದನ್ನ ಇಳಿಸ್ಬಿಡ್ತಾರಂತಲ್ಲೋ."

"ಹಂಗಾದ್ರೆ ನನ್ನ ಹತ್ರಾನೇ ಮಾತಾಡು ಅಂಬುಜಾ. ನಾನು ಇಲ್ಲೇ ಇದ್ದೀನಲ್ಲ, ಇದೇ ಕೆನ್ನೆ."

ಅವಳು ನನ್ನ ಮುಖವನ್ನೇ ನೋಡಿದಳು. ತುಟಿ ಒಂದೆರಡು ಸಲ ತೆರೆದುಕೊಂಡಿತು.  ಆಮೇಲೆ ಅವಳು ತನ್ನ ಕೈ ನೋಡಿಕೊಂಡು, "ಆಗಲ್ಲ ಕಣೋ. ನಿನ್ನ ನೋಡಿದ್ರೆ ಈ ಕೈ ಲಟ್ಟಣಿಗೆ ಹುಡುಕುತ್ತೆ" ಎಂದಳು. ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

ಈಚೆಗೆ ಬಂದು ಶ್ರೀಕರನಿಗೆ ಹೇಳಿದೆ. "ಬೇಡ ಸಾರ್. ಬಾಗಿಲಲ್ಲಿ ನಿಂತ್ಕೊಳ್ಳೋದಕ್ಕೆ ಮೊಣಕಾಲು ಕೇಳಲ್ಲ. ಗೋಡೆ ಮೇಲೆ ಆರಾಮಾಗಿದ್ದೀನಿ, ಅಲ್ಲೇ ಇರ್ತೀನಿ."

ಆಮೇಲೆ ದಿನಾ ಸಂಜೆ ಲಕ್ಕಮ್ಮನ ಮನೆಗೆ ಹೋಗಿ ಟೀವಿ ಮುಂದೆ ಕೂರುತ್ತಿದ್ದೆ. ಅಂಬುಜಾ ಬಂದು ನನ್ನೆದುರು ನಿಲ್ಲುವಳು. ಬೆಂಚಿನ ಮೇಲೆ ಅವಳಿಗೆ ನಾನು "ನೀನು", ಗೋಡೆಯ ಮೇಲೆ "ನೀವು". ಮಗನ ಸುದ್ದಿ, ಸೊಸೆಯ ಸುದ್ದಿ ಎಲ್ಲ ಹೇಳಿದ ಮೇಲೆ, "ಊಟ ಆಯ್ತಾ ನಿಮ್ದು?" ಎನ್ನುವಳು. ಅದನ್ನು ಯಾರೂ ಬರೆದುಕೊಟ್ಟಿರಲಿಕ್ಕಿಲ್ಲ. ನಾನು ಮೆಲ್ಲಗೆ "ಆಯ್ತು" ಎನ್ನುವೆ. ಕೆಲವು ದಿನ ಆಗಿರುತ್ತಿರಲಿಲ್ಲ.

ಸೀರಿಯಲ್ಲು ಎಂಬುದಕ್ಕೂ ಕೊನೆಯಿದೆ. ಅದು ಮುಗಿದ ಮೇಲೆ ತಿಮ್ಮೋಜಿ ಈ ಫೋಟೋವನ್ನು ಹಾರದ ಸಮೇತ ಕಂಕುಳಲ್ಲಿಟ್ಟುಕೊಂಡು ಬಂದ.

"ಅಂಬುಜಮ್ಮ ಕಳಿಸಿದ್ಲು. ಹಾರಕ್ಕೆ ಯಾರೂ ಕೈ ಹಚ್ಬೇಡಿ ಅಂದ್ಲು. ನೀನು ನಗ್ಬೇಕು, ಎದ್ರುಗಡೆಯವ್ರು ತಿರುಗಿ ನಗ್ಬೇಕು, ಆಮೇಲೇ ತೆಗೀಬೇಕಂತೆ."

"ಎದ್ರುಗಡೆ ನೀನಿದ್ದೀಯಲ್ಲೋ. ನಗು."

ನಾನು ನಕ್ಕೆ. ತಿಮ್ಮೋಜಿ ಬಾಯಿ ತೆರೆದ. ಕೆಮ್ಮು ಬಂತು, ಕೆಮ್ಮಿನ ಜೊತೆ ಕಣ್ಣೀರು ಬಂತು, ಮುಖ ಒರೆಸಿಕೊಂಡು ಎದ್ದುಹೋದ. ಆಮೇಲೆ ಅವನೂ ಬರಲಿಲ್ಲ.

ಅಂದಿನಿಂದ ಇದು ಇಲ್ಲಿಯೇ ಇದೆ. ಗಿರಣಿ ತಿರುಗಿದಾಗ ಹಿಟ್ಟಿನ ಧೂಳು ಬಂದು ಹಾರದ ಮೇಲೆ ಕೂರುತ್ತದೆ, ನಾನು ಊದುತ್ತೇನೆ, ಮತ್ತೆ ಕೂರುತ್ತದೆ.

ನೀವು ಬಂದಾಗಿನಿಂದ ನಿಮ್ಮನ್ನೇ ಗಮನಿಸುತ್ತಿದ್ದೇನೆ. ಹಪ್ಪಳ ಹಾರಿದಾಗ ನಿಮ್ಮ ತುಟಿಯ ತುದಿ ಒಂಚೂರು ಅಲುಗಿತು, ಆಮೇಲೆ ಬಿಗಿದುಕೊಂಡಿತು. ಅದು ಸಾಲದು. ನನ್ನ ಚಹಾ ಕುಡಿದಿದ್ದೀರಿ, ನನ್ನ ಸಾವಿನ ಕತೆ ಪೂರ್ತಿ ಕೇಳಿದ್ದೀರಿ, ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಬಾಗಿಲಿಗೆ ಚಿಲಕ ಹಾಕಿದ್ದೇನೆ. ಇದೋ ಎದ್ದು ನಿಂತೆ. "ಅಯ್ಯೋ ಅಜ್ಜ" ಎಂದೀರಿ, ಹುಷಾರ್! ಗಿರಣಿಯೂ ನಿಂತಿದೆ, ಸಣ್ಣಗೆ ನಕ್ಕರೂ ನನಗೆ ಕೇಳುತ್ತದೆ. ಒಂದು ಕೈಯನ್ನು ಹಾರದ ಕೆಳಗೆ ಇಟ್ಟುಕೊಂಡಿದ್ದೇನೆ, ಎತ್ತುವುದೊಂದೇ ಬಾಕಿ.

ಎಲ್ಲಿ, ನಗಿ ನೋಡೋಣ.