ಕೂಜಕ್ಕೆ ಹಾಕಿದ ಟೋಪಿ

ನನ್ನ ಹತ್ತಿರ ಇದ್ದದ್ದು ಒಂದೇ ಡಿಗ್ರಿ. ಕರಿಯಪ್ಪನ ಹತ್ತಿರ ನೂರು ಇದ್ದವು. ನಾನು ಬಿ.ಎ. ಮುಗಿಸಿ ರಾಮನಗರದಲ್ಲಿ ಹಬೀಬ್ ಸಾಹೇಬರ ರೇಷ್ಮೆ ಕಾರ್ಖಾನೆಯ ಲೆಕ್ಕ ಬರೆಯುತ್ತಿದ್ದೆ. ಅವನು ಅಲ್ಲೇ ಬಾಯ್ಲರಿಗೆ ಸೌದೆ ಉಣಿಸಿ, ಗೂಡು ಬೇಯುವ ನೀರು ಕುದಿಯುತ್ತಲೇ ಇರುವಂತೆ ನೋಡಿಕೊಳ್ಳುತ್ತಿದ್ದ. ಇಬ್ಬರದೂ ದೊಡ್ಡಮಳೂರು, ಅಕ್ಕಪಕ್ಕದ ಮನೆ. ಬೆಳಿಗ್ಗೆ ಎರಡು ಸೈಕಲ್ಲು ಜೊತೆಯಾಗಿ ಚನ್ನಪಟ್ಟಣ ದಾಟಿ, ಕೆಂಗಲ್ ದಾಟಿ ಹೋಗುತ್ತಿದ್ದವು, ಸಂಜೆ ಜೊತೆಯಾಗಿ ಬರುತ್ತಿದ್ದವು. ದಾರಿ ಸವೆಯಲೆಂದು ನಾನು ಊರಿನವರ ದನಿಗಳನ್ನೆಲ್ಲ ತೆಗೆಯುತ್ತಿದ್ದೆ. ಶಾನುಭೋಗರು ಸೀನುವುದು, ಕಂಡಕ್ಟರು ರೈಟ್ ಅನ್ನುವುದು, ಅಂಕಮ್ಮ ಕೋಳಿ ಕರೆಯುವುದು. ಕರಿಯಪ್ಪ ನಕ್ಕು ನಕ್ಕು ಪೆಡಲು ತಪ್ಪುತ್ತಿದ್ದ.

ಆ ಚಳಿಗಾಲದಲ್ಲಿ ಒಂದು ಸೈಕಲ್ಲು ಕಡಿಮೆಯಾಯಿತು. ಕಾರಣ ಕಾಫಿ.

ದಿನವಿಡೀ ಕುದಿನೀರಿನ ಪಕ್ಕ ಕೂತವನಿಗೆ ಮನೆಗೆ ಬಂದಾಗ ಒಂದು ಲೋಟ ಸುಡುಸುಡು ಕಾಫಿ ಸಿಗದಿದ್ದರೆ ಲೋಕವೇ ಮೋಸ ಮಾಡಿದಂತೆ. ಹೆಂಡತಿ ಚಿಕ್ಕಲಕ್ಷ್ಮಮ್ಮ ಬೀದಿಯ ತಿರುವಿನಲ್ಲಿ ಅವನ ಸೈಕಲ್ ಬೆಲ್ ಕೇಳಿದ ಕೂಡಲೇ ಲೋಟಕ್ಕೆ ಬಗ್ಗಿಸಿ ಇಡುತ್ತಿದ್ದಳು. ಆ ಸಂಜೆ ಇವನು ಬೆಲ್ ಹೊಡೆದವನು ತಿರುವಿನಲ್ಲೇ ನಿಂತು ಯಾರದೋ ಎಮ್ಮೆ ವ್ಯಾಪಾರಕ್ಕೆ ಬಾಯಿ ಹಾಕಿದ. ಎಮ್ಮೆ ಕೈ ಬದಲಾಯಿಸುವ ಹೊತ್ತಿಗೆ ಕಾಫಿ ಕೆನೆ ಕಟ್ಟಿತ್ತು.

"ಏನಮ್ಮೀ ಇದು, ಹೆಣದ್ ಬಾಯ್ಗೆ ಬುಡೋ ನೀರಾ?" ಅಂದ.

"ಅಷ್ಟೊಂದ್ ಬಿಸಿ ಬೇಕಾಗಿದ್ರೆ ನಿನ್ ಬಾಯ್ಲರ್ನೇ ಕಟ್ಕೋಬೇಕಾಗಿತ್ತು," ಅಂದಳು ಅವಳು.

ಮಧ್ಯದ ಗೋಡೆ ತೆಳು. ನನಗೆ ಅಕ್ಷರ ಬಿಡದೆ ಕೇಳಿಸಿತು. ಕರಿಯಪ್ಪ ಸೈಕಲ್ಲನ್ನೂ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ, ಹೆಂಡತಿಯ ಮಾತನ್ನು ಅಕ್ಷರಶಃ ನಡೆಸಿಕೊಟ್ಟ. ಬಾಯ್ಲರ್ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಸಂಸಾರ ಹೂಡಿದ.

"ಹೊಸ ಹೆಂಡ್ರು ಹೆಂಗವ್ಳಪ್ಪಾ?" ಎಂದು ನೂಲು ತೆಗೆಯುವ ಖಾಸಿಂ ಕೇಳುತ್ತಿದ್ದ. "ಒಸಿ ಸಿಡುಕು ಜಾಸ್ತಿ ಅಲ್ವಾ?"

ಮೊದಮೊದಲು ನಾವೆಲ್ಲ ನಕ್ಕೆವು. ಆಮೇಲೆ ಸಾತನೂರಿನಿಂದ ಚಿಕ್ಕಲಕ್ಷ್ಮಮ್ಮನ ಅಣ್ಣ ತಿಮ್ಮಯ್ಯ ಹೇಳಿಕಳಿಸಿದ: ಶನಿವಾರ ಸಂಜೆ ಬರುತ್ತೇನೆ, ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ. ತಿಮ್ಮಯ್ಯ ಒಮ್ಮೆ ಕರೆದುಕೊಂಡು ಹೋದರೆ ಮತ್ತೆ ಕಳಿಸುವ ಪೈಕಿಯಲ್ಲ; ದೊಡ್ಡ ತಂಗಿ ಐದು ವರ್ಷದಿಂದ ಅವನ ಮನೆಯ ಹಸು ಕರೆಯುತ್ತಿದ್ದಳು. ಚಿಕ್ಕಲಕ್ಷ್ಮಮ್ಮ ಟ್ರಂಕಿಗೆ ಸೀರೆ ತುಂಬಿದ್ದನ್ನು ನಾನೇ ಕಂಡೆ. ನಗು ನಿಂತಿತು.

ಶುಕ್ರವಾರ ನಾನು ಬಾಯ್ಲರ್ ಹತ್ತಿರ ಹೋದೆ.

"ಲೇ ಕರಿಯಾ, ನಾಳೆ ಸಂಜೆ ನಿನ್ ಭಾವ ಬತ್ತಾವ್ನೆ. ಇವತ್ತೇ ನನ್ ಜೊತೇಲಿ ಬಂದ್ಬುಡ್ಲಾ."

ಅವನು ನನ್ನ ಕಡೆ ನೋಡಲಿಲ್ಲ. ಒಲೆಗೆ ಸೌದೆ ನೂಕಿ, ಹೊಗೆಗೆ ಕೆಮ್ಮಿ, "ನಾನ್ ಬಿಸಿ ಅವ್ನಿ ಅಂತ ಹೇಳ್ಬುಡು," ಅಂದ.

ಆ ಮಾತು ಅವನದಲ್ಲ. ಹಬೀಬ್ ಸಾಹೇಬರು ಫೋನೆತ್ತಿ "ಬಿಜಿ ಹೂಂ ಭಾಯ್, ಬಹುತ್ ಬಿಜಿ" ಅನ್ನುವುದನ್ನು ಕೇಳಿ ಕೇಳಿ ಕಲಿತದ್ದು. ಪಾಪ, ಸಾಹೇಬರಿಗೆ ಕನ್ನಡದ 'ಸ' ಸರಿಯಾಗಿ ಹೊರಳುವುದಿಲ್ಲ ಅಂದುಕೊಂಡು ಅವನೇ ತಿದ್ದಿ 'ಬಿಸಿ' ಮಾಡಿಕೊಂಡಿದ್ದ. ಬಾಯ್ಲರ್ ಕಾಯುವವನ ಬಾಯಿಗೆ ಅದು ಒಪ್ಪುತ್ತಲೂ ಇತ್ತು.

ಸಂಜೆ ಊರಿಗೆ ಬಂದವನೇ ಚಿಕ್ಕಲಕ್ಷ್ಮಮ್ಮನ ಬಾಗಿಲಲ್ಲಿ ನಿಂತೆ. "ನಮ್ಮೋರು ಏನಂದ್ರು ರೈಟ್ರಣ್ಣ?" ಎಂದು ಕೇಳಿದಳು. ಲೆಕ್ಕ ಬರೆಯುವವನಾದ್ದರಿಂದ ಊರಿಗೆಲ್ಲ ನಾನು ರೈಟ್ರು. ಇನ್ನೊಬ್ಬರ ಮಾತನ್ನು ನನ್ನ ದನಿಯಲ್ಲಿ ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಕರಿಯಪ್ಪನ ಗಂಟಲು ತೆಗೆದು, ಅವನ ಕೆಮ್ಮನ್ನೂ ಬಿಡದೆ ಸೇರಿಸಿ, ಅಚ್ಚು ಹೊಡೆದ ಹಾಗೆ ಒಪ್ಪಿಸಿದೆ: "ಖೊಹ್... ಖೊಹ್... ನಾನ್ ಬಿಸಿ ಅವ್ನಿ ಅಂತ ಹೇಳ್ಬುಡು."

ಅವಳ ಮುಖ ಸಣ್ಣದಾಯಿತು. "ಮೈ ಬಿಸಿ ಐತಾ? ಕೆಮ್ಮು ಬ್ಯಾರೆಯಾ? ಆ ನೆಲದ್ ಮ್ಯಾಲೆ ಮಲೀಕೊಂಡ್ರೆ ಇನ್ನೇನಾದದು!"

ತಿದ್ದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈ ಮೆಣಸಿನ ಡಬ್ಬದಲ್ಲಿತ್ತು. ಬಾಯಿ ಮುಚ್ಚಿಕೊಂಡೆ. ವ್ಯಾಕರಣಕ್ಕೂ ಒಂದು ಹೊತ್ತುಗೊತ್ತು ಇದೆಯಲ್ಲ.

ಮರುದಿನ ಬೆಳಕು ಹರಿಯುವಾಗ ಅವಳು ಗೋಡೆ ಗುದ್ದಿ ನನ್ನನ್ನು ಎಬ್ಬಿಸಿದಳು. ಮೆಣಸು, ಜೀರಿಗೆ, ಶುಂಠಿ, ಬೆಲ್ಲ ಹಾಕಿದ ಕಷಾಯ ಒಲೆಯ ಮೇಲೆ ಕುದಿಯುತ್ತಿತ್ತು. ಆಗ ನಮ್ಮ ಕಡೆ ಫ್ಲಾಸ್ಕು ಅಂದರೆ ಡಾಕ್ಟರ ಮನೆಯ ವಸ್ತು. ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಕ್ಕೆ ಕಷಾಯ ತುಂಬಿ, ಹಳೇ ಟವೆಲ್ಲು ಸುತ್ತಿದಳು. ಸಾಲದು ಅನ್ನಿಸಿತೇನೋ, ಗೂಟದಲ್ಲಿ ತೂಗುತ್ತಿದ್ದ ಗಂಡನ ಮಂಕಿ ಟೋಪಿಯನ್ನು ತಂದು ಕೂಜದ ಕತ್ತಿನವರೆಗೂ ಎಳೆದಳು.

"ನನ್ನೆಸ್ರು ಮಾತ್ರ ಹೇಳ್ಬ್ಯಾಡಿ ರೈಟ್ರಣ್ಣ. ನಿಮ್ಮನೇದು ಅನ್ನಿ."

"ಆಗಲಮ್ಮ."

"ಆರೋಕ್ ಬುಡ್ಬ್ಯಾಡಿ."

ಈ ಕೊನೆಯ ಮಾತೇ ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ಕೂತಿತು. ಆರಿದ ಕಾಫಿಯಿಂದ ಮುರಿದ ಮನೆಗೆ ಆರಿದ ಕಷಾಯ ಒಯ್ದರೆ ಏನೂ ಒಯ್ಯದಿರುವುದಕ್ಕಿಂತ ಕೇಡು. ಜೋರಾಗಿ ತುಳಿದರೆ ಕೂಜ ಹ್ಯಾಂಡಲಿನಲ್ಲಿ ತೂಗಾಡಿ, ಮುಚ್ಚಳದ ಸಂದಿಯಿಂದ ಕಷಾಯ ಚಿಮ್ಮಿ ಮಂಡಿ ಸುಡುತ್ತದೆ. ಮೆಲ್ಲಗೆ ತುಳಿದರೆ ಡಿಸೆಂಬರಿನ ಗಾಳಿ ಅದನ್ನು ಕುಡಿದುಬಿಡುತ್ತದೆ. ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಟೋಪಿಯ ನೆತ್ತಿಗೆ ಕೊಟ್ಟು, ಹುಷಾರಿಲ್ಲದ ಮಗುವನ್ನು ಆಸ್ಪತ್ರೆಗೆ ಸಾಗಿಸುವವನಂತೆ ಹೊರಟೆ.

ಚನ್ನಪಟ್ಟಣದಲ್ಲಿ ಬಾಗಿಲು ತೆರೆಯುತ್ತಿದ್ದ ಬೊಂಬೆ ಅಂಗಡಿಯ ಶುಕೂರ್ ಕೂಗಿದ: "ಏನ್ ರೈಟ್ರೇ, ಯಾರ್ ಅದು ಮುಂದ್ಗಡೆ?"

"ಕರಿಯಪ್ಪ," ಅಂದೆ. ಕೂಜದ ಪರವಾಗಿ ಕರಿಯಪ್ಪನ ದನಿಯಲ್ಲೇ, "ಮುಂದ್ ನೋಡ್ಕೊಂಡ್ ತುಳಿಯೋ ಲೇ, ಗುಂಡಿ ಐತೆ!" ಎಂದೂ ಸೇರಿಸಿದೆ. ಶುಕೂರ್ ನಗುತ್ತಿದ್ದಾಗ ನಾನು ನಿಜವಾಗಿಯೂ ಗುಂಡಿಗೆ ಇಳಿದೆ. ಮಂಡಿ ಚುರ್ ಅಂದಿತು. ಖುಷಿಯಾಯಿತು. ಸುಡುತ್ತಿದೆ ಅಂದರೆ ಇನ್ನೂ ಆರಿಲ್ಲ.

ಕಾರ್ಖಾನೆಯಲ್ಲಿ ಕರಿಯಪ್ಪ ಬಾಯ್ಲರಿನ ಬೂದಿ ತೆಗೆಯುತ್ತಿದ್ದ. ಕೂಜವನ್ನು ಅವನ ಮುಂದಿಟ್ಟೆ.

"ನಮ್ಮನೇದು," ಅಂದೆ.

ಅವನು ಟೋಪಿಯನ್ನು ನೋಡಿದ. ಕಿವಿಯ ಹತ್ತಿರ ಹಸಿರು ಉಣ್ಣೆಯಲ್ಲಿ ಹಾಕಿದ್ದ ತೇಪೆಯನ್ನು ಹೆಬ್ಬೆರಳಿನಿಂದ ಸವರಿದ. ಟೋಪಿ ಕಳಚಿ ಮುಚ್ಚಳ ತಿರುಗಿಸಿದ. ಹಬೆ ಎದ್ದಿತು. ನನಗೆ ಹೋದ ಜೀವ ಬಂತು. ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದ.

"ಏನ್ಲಾ ಇದು, ಕಷಾಯ? ಯಾರ್ಗ್ಲಾ ಜರ?"

"ನಿಂಗೇ ಕಣ್ಲಾ. ಬಿಸಿ ಅವ್ನಿ ಅಂದ್ಯಲ್ಲ."

ಅರ್ಥವಾಗುವುದಕ್ಕೆ ಇನ್ನೂ ಎರಡು ಗುಟುಕು ಹಿಡಿಯಿತು. ನಗುತ್ತಾನೆ ಅಂದುಕೊಂಡಿದ್ದೆ. ಅವನು ಗೋಡೆಯ ಕಡೆ ತಿರುಗಿ ಪೂರ್ತಿ ಕುಡಿದ. "ಮೆಣಸ್ನ ಜಾಸ್ತಿ ಹಾಕ್ಬುಟ್ಟವ್ಳೆ," ಎಂದು ಮಸಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮುಖದ ಮೇಲೆ ಕರಿ ಪಟ್ಟೆ ಮೂಡಿತು.

ಸಂಜೆ ಖಾಲಿ ಕೂಜವನ್ನು ನನ್ನ ಕೈಗಿಡಲು ಬಂದ. "ನಾನ್ ಬಿಸಿ ಕಣಪ್ಪ, ನೀನೇ ತಕೊಂಡೋಗು," ಅಂದೆ.

"ಹೋಗ್ಬೋದು ಕಣ್ಲಾ. ಆದ್ರೆ ಜರ ಎಲ್ಲಿ ಅಂತ ಕೇಳ್ತಾಳೆ. ಸುಳ್ ಹೇಳ್ದೆ ಅಂತ ಇನ್ನೊಂದ್ ರಾಮಾಯ್ಣ ಆಯ್ತದೆ. ಅವಳಣ್ಣ ಬ್ಯಾರೆ ಮುಂದ್ಗಡೆ ಕೂತಿರ್ತಾನೆ."

ಆಮೇಲೆ ಬಾಯ್ಲರಿನ ನಲ್ಲಿ ತಿರುಗಿಸಿ ಕೂಜದ ತುಂಬ ಕುದಿನೀರು ಹಿಡಿದ, ಟವೆಲ್ಲು ಸುತ್ತಿ ಅಂಗಿಯೊಳಗೆ ಎದೆಗೆ ಅವುಚಿಕೊಂಡ, ಮಂಕಿ ಟೋಪಿಯನ್ನು ತಾನು ಹಾಕಿಕೊಂಡ. ಬೆಳಿಗ್ಗೆ ಕೂಜಕ್ಕೆ ಟೋಪಿ. ಸಂಜೆ ಟೋಪಿ ಯಾರಿಗೆ ಅಂತ ನಾನು ಕೇಳಲಿಲ್ಲ. ಕ್ಯಾರಿಯರಿನ ಮೇಲೆ ಕೂತ. ಬಿಸಿ ಪದಾರ್ಥವನ್ನು ಸೈಕಲ್ಲಿನಲ್ಲಿ ಸಾಗಿಸುವ ಕೆಲಸ ಮತ್ತೆ ನನಗೇ ಬಂತು. ಈ ಸಲದ್ದು ಒಂದೂವರೆ ಮೂಟೆ ತೂಕ.

"ಬೇಗ್ ತುಳಿಯೋ ಲೇ, ಆರೋಯ್ತಾವ್ನಿ!" ಎಂದು ಕೆಂಗಲ್ ದಾಟುವಾಗ ಹಿಂದಿನಿಂದ ಕೂಗಿದ.

ಚನ್ನಪಟ್ಟಣದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಆಗ ಸೈಕಲ್ಲಿನಲ್ಲಿ ಇಬ್ಬರು ಕೂರುವುದು ತಪ್ಪು.

"ಪೇಷಂಟು ಸ್ವಾಮಿ, ಮೈ ಸುಡ್ತಾ ಐತೆ," ಅಂದೆ.

ಅವನು ಅನುಮಾನದಿಂದ ಕರಿಯಪ್ಪನ ಅಂಗೈ ಮುಟ್ಟಿದ. ಕೂಜ ಹಿಡಿದಿದ್ದ ಅಂಗೈ. "ಅಯ್ಯೋ ಶಿವನೇ, ಬೆಂಕಿ! ನಡೀರಿ, ನಡೀರಿ," ಎಂದು ತಾನೇ ಎತ್ತಿನ ಗಾಡಿಯೊಂದನ್ನು ಸರಿಸಿ ದಾರಿ ಬಿಡಿಸಿಕೊಟ್ಟ. ಸರ್ಕಾರ ಒಪ್ಪಿತು ಅಂತ ಇಬ್ಬರಿಗೂ ಧೈರ್ಯ ಬಂತು.

ಮನೆಯ ಜಗಲಿಯ ಮೇಲೆ ತಿಮ್ಮಯ್ಯ ಕೂತಿದ್ದ. ಪಕ್ಕದಲ್ಲಿ ಹಗ್ಗ ಬಿಗಿದ ಟ್ರಂಕು.

"ಬಂದ್ರಾ ಸಾಹುಕಾರ್ರು," ಅಂದ ತಿಮ್ಮಯ್ಯ. "ಬಾಯ್ಲರಮ್ಮ ಕಳಿಸ್ಕೊಟ್ಳಾ?"

ಕರಿಯಪ್ಪ ಕೆಮ್ಮಿದ. ಕೆಟ್ಟ ಕೆಮ್ಮು, ನಾನು ಇದಕ್ಕಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಚಿಕ್ಕಲಕ್ಷ್ಮಮ್ಮ ಹೊಸಿಲು ದಾಟಿ ಬಂದು, ಅಣ್ಣ ಇದ್ದಾನೆ ಅಂತಲೂ ನೋಡದೆ, ಗಂಡನ ಹಣೆಗೆ ಕೈಯಿಟ್ಟಳು. ಅಷ್ಟು ದೂರ ಗಾಳಿಗೆ ಒಡ್ಡಿದ ಹಣೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಹುಬ್ಬೇರಿಸಿ ಎದೆಗೆ ಕೈಯಿಟ್ಟಳು. ಟಣ್ ಅಂದಿತು.

ಅವಳು ಅಂಗಿಯ ಗುಂಡಿ ಬಿಚ್ಚಿ ಕೂಜ ಹೊರಗೆ ತೆಗೆದಳು.

"ಇದೇನ್ ಜರ?"

ಕರಿಯಪ್ಪನಿಗೆ ಸುಳ್ಳು ಅಷ್ಟಕ್ಕೇ ತೀರಿಹೋಗಿತ್ತು. "ಜರ ಗಿರ ಏನಿಲ್ಲ," ಅಂದ, ತಿಮ್ಮಯ್ಯನಿಗೆ ಕೇಳದಷ್ಟು ಮೆಲ್ಲಗೆ, ನೆಲ ನೋಡುತ್ತ. "ಬಿಸಿ ಅಂದ್ರೆ ಕೆಲ್ಸ ಐತೆ ಅಂತ. ಸಾಹೇಬ್ರ್ ಮಾತು. ಕೆಲ್ಸಾನೂ ಏನಿರ್ನಿಲ್ಲ. ಬರಾಕೆ ಮಕ ಇರ್ನಿಲ್ಲ." ಕೂಜದ ಕಡೆ ಗದ್ದ ತೋರಿಸಿ, "ನೀರ್ ಬಿಸಿ ಐತೆ ನೋಡು. ಕಾಪಿಗಾಯ್ತದೆ ಅಂತ ತಂದೆ."

ಅವಳು ಮುಚ್ಚಳ ತಿರುಗಿಸಿದಳು. ಇನ್ನೂ ಹಬೆಯಾಡುತ್ತಿತ್ತು. ಮೂಸಿ ನೋಡಿ ಮುಖ ಕಿವಿಚಿದಳು. "ಥೂ, ಹುಳದ್ ವಾಸ್ನೆ! ಇದ್ರಲ್ ಕಾಪಿ ಕಾಯ್ಸಾರಾ ಯಾರಾನ?"

ಕೂಜ ಹಿಡಿದು ಅಲ್ಲೇ ನಿಂತಳು. ಟ್ರಂಕು ನೋಡಿದಳು, ಅಣ್ಣನನ್ನು ನೋಡಿದಳು, ಗಂಡನ ಕೆನ್ನೆಯ ಮಸಿ ಪಟ್ಟೆ ನೋಡಿದಳು. ಆಮೇಲೆ ಬಗ್ಗಿ, ಆ ಬಿಸಿನೀರನ್ನು ಅವನ ಧೂಳು ಕಾಲಿನ ಮೇಲೆ ನಿಧಾನವಾಗಿ ಹುಯ್ದಳು.

"ಕಾಲ್ ತೊಳ್ಕೊಂಡ್ ಒಳೀಕ್ ಬಾ," ಅಂದಳು. ಖಾಲಿ ಕೂಜ ಹಿಡಿದು ಒಳಗೆ ಹೋದಳು. ಅವನು ಒದ್ದೆ ಹೆಜ್ಜೆ ಮೂಡಿಸುತ್ತ ಹಿಂದೆ ಹೋದ.

ಜಗಲಿಯ ಮೇಲೆ ನಾನು, ತಿಮ್ಮಯ್ಯ, ಟ್ರಂಕು ಉಳಿದೆವು. ಒಳಗೆ ಒಲೆ ಊದುವ ಸದ್ದು, ಪಾತ್ರೆ ಸದ್ದು, ಆಮೇಲೆ ಕಾಫಿಯ ವಾಸನೆ. ತಿಮ್ಮಯ್ಯ ಎರಡು ಸಲ ಗಂಟಲು ಸರಿಮಾಡಿಕೊಂಡು ಕೂಗಿದ: "ಲಚ್ಚೀ, ಬಸ್ಸಿಗ್ ಹೊತ್ತಾಯ್ತದೆ. ಹೊಲ್ಡಾದಾ, ಬುಡಾದಾ?"

ಒಳಗಿನಿಂದ ಅವಳ ದನಿ ಬಂತು: "ನಾನ್ ಬಿಸಿ ಅವ್ನಿ ಕಣಣ್ಣೋ!"

ತಿಮ್ಮಯ್ಯ ಗಾಬರಿಯಿಂದ ನನ್ನ ಕಡೆ ತಿರುಗಿದ. "ಏನ್ ರೈಟ್ರೇ, ಇವ್ಳಿಗೂ ಜರವಾ?"

"ಹೌದಪ್ಪ," ಅಂದೆ, ಟ್ರಂಕಿನ ಹಗ್ಗ ಬಿಚ್ಚುತ್ತ. "ಅಂಟು ಜರ."